ಕ್ಯಾಸೆಟ್ಟು ಗೆದ್ದ ವರ್ಷ: 1984ರ ಇಟಲಿಯ ಟೀವಿ

1984ರ ಅಕ್ಟೋಬರ್ 16ರಂದು ತೂರಿನ್, ರೋಮ್ ಮತ್ತು ಪೆಸ್ಕಾರಾದ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಆ ಮೂರು ಪ್ರಾಂತ್ಯಗಳಲ್ಲಿ ಸಿಲ್ವಿಯೊ ಬೆರ್ಲುಸ್ಕೋನಿಯ ಟೀವಿ ವಾಹಿನಿಗಳು ಕತ್ತಲಾದವು. ನಾಲ್ಕೇ ದಿನದಲ್ಲಿ ಪ್ರಧಾನಿ ಬೆತ್ತಿನೊ ಕ್ರಾಕ್ಸಿ ಸುಗ್ರೀವಾಜ್ಞೆ ಹೊರಡಿಸಿ ಅವಕ್ಕೆ ಮತ್ತೆ ಬೆಳಕು ಕೊಟ್ಟರು. ಇಬ್ಬರೂ ಮಿಲಾನಿನವರು, ಇಬ್ಬರೂ ಗೆಳೆಯರು. ಇಟಲಿಯಲ್ಲಿ ಖಾಸಗಿ ಟೀವಿ ಬೇರೂರಿದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಈ ಗೆಳೆತನದ ಕಥೆ. ಕಥೆ ಸುಳ್ಳಲ್ಲ, ಆದರೆ ಅದು ಸಂಪುಟದ ಕೊಠಡಿಯಲ್ಲೇ ಕುಳಿತುಬಿಡುತ್ತದೆ. ಆ ವರ್ಷ ಮನೆಮನೆಯ ಪರದೆಯ ಮೇಲೆ ಏನು ಓಡುತ್ತಿತ್ತು, ಎಷ್ಟು ಗಂಟೆಗೆ ಓಡುತ್ತಿತ್ತು, ಯಾಕೆ ಅದೇ ಬಗೆಯದು ಓಡುತ್ತಿತ್ತು ಎಂದು ನೋಡಲು ಹೊರಟರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಖಾಸಗಿ ಟೀವಿಯನ್ನು ಕಟ್ಟಿಹಾಕಲೆಂದು ಇದ್ದ ನಿಷೇಧವೇ ಅದಕ್ಕೊಂದು ರೂಪ ಕೊಟ್ಟಿತು. ಆ ರೂಪ ನೋಡುಗರಲ್ಲಿ ಒಂದು ರೂಢಿಯನ್ನು ಬೆಳೆಸಿತು. ಕೊನೆಗೆ ಆ ರೂಢಿಯ ಎದುರು ನಿಷೇಧ ನಿಲ್ಲಲಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. 1954ರ ಜನವರಿ 3ರಂದು ಆರಂಭವಾದ ಇಟಲಿಯ ಟೀವಿ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸಂಸ್ಥೆ ರಾಯ್‌ನ ಏಕಸ್ವಾಮ್ಯವಾಗಿತ್ತು. 1960ರಿಂದ ಆಲ್ಬೆರ್ತೊ ಮಾಂಜಿ ಎಂಬ ಶಾಲಾಮಾಸ್ತರರು ಕಾಗದದ ದೊಡ್ಡ ಹಾಳೆಗಳ ಮೇಲೆ ಬರೆದು ತೋರಿಸುತ್ತ ದೊಡ್ಡವರಿಗೆ ಓದುಬರಹ ಕಲಿಸಿದ್ದು ಇದೇ ಟೀವಿಯಲ್ಲಿ. ಜಾಹೀರಾತು ಇತ್ತು, ಆದರೆ ಅಳೆದು ತೂಗಿ. 1957ರಿಂದ ‘ಕರೊಸೆಲ್ಲೊ’ ಎಂಬ ಸಂಜೆಯ ಒಂದು ಪುಟ್ಟ ಕಾರ್ಯಕ್ರಮದೊಳಗೆ, ಕಥೆಯ ಕೊನೆಗೆ ಸರಕಿನ ಹೆಸರು ಹೇಳುವಷ್ಟು ಮಾತ್ರ. 1961ರಲ್ಲಿ ಎರಡನೆಯ ವಾಹಿನಿ, 1979ರ ಕೊನೆಗೆ ಮೂರನೆಯದು ಬಂದವು. 1975ರ ಕಾಯಿದೆ ರಾಯ್‌ನ ಹಿಡಿತವನ್ನು ಸರ್ಕಾರದಿಂದ ಸಂಸತ್ತಿಗೆ ವರ್ಗಾಯಿಸಿತು, ಎಂದರೆ ಒಂದು ಪಕ್ಷದ ಬದಲು ಹಲವು ಪಕ್ಷಗಳು ಪಾಲು ಹಂಚಿಕೊಂಡವು. ಮರುವರ್ಷ ಸಂವಿಧಾನ ನ್ಯಾಯಾಲಯ ತನ್ನ 202ನೆಯ ತೀರ್ಪಿನಲ್ಲಿ ಸ್ಥಳೀಯ ಮಟ್ಟದಲ್ಲಿ ಖಾಸಗಿಯವರು ಪ್ರಸಾರ ಮಾಡಬಹುದು ಎಂದಿತು. ದೇಶಮಟ್ಟದ ಪ್ರಸಾರ ಮಾತ್ರ ರಾಯ್‌ಗೇ ಮೀಸಲು. 1981ರಲ್ಲಿ ಅದೇ ನ್ಯಾಯಾಲಯ ಈ ಗೆರೆಯನ್ನು ಮತ್ತೊಮ್ಮೆ ಎಳೆಯಿತು. ಆ ಗೆರೆಯ ಎರಡೂ ಬದಿಯಲ್ಲಿ ಏನೇನು ನಡೆಯಬೇಕು ಎಂದು ಹೇಳುವ ಕಾಯಿದೆಯನ್ನು ಮಾತ್ರ ಸಂಸತ್ತು ಮಾಡಲೇ ಇಲ್ಲ.

ಕಾಯಿದೆ ಇಲ್ಲದ ಜಾಗದಲ್ಲಿ ಹುಟ್ಟಿದ ಉಪಾಯ ಬಹಳ ಸರಳವಾದದ್ದು. ಒಂದು ಖಾಸಗಿ ಕೇಂದ್ರ ಮತ್ತೊಂದಕ್ಕೆ ನೇರವಾಗಿ ಜೋಡಿಸಿಕೊಂಡು ದೇಶವಿಡೀ ಪ್ರಸಾರ ಮಾಡುವಂತಿಲ್ಲ. ಸರಿ, ಜೋಡಿಸುವುದು ಬೇಡ. ಮಿಲಾನಿನಲ್ಲಿ ಕಾರ್ಯಕ್ರಮವನ್ನು ಮೊದಲೇ ಕ್ಯಾಸೆಟ್ಟಿಗೆ ಇಳಿಸಿ, ಪ್ರತಿಗಳನ್ನು ಊರೂರಿನ ಸ್ಥಳೀಯ ಕೇಂದ್ರಗಳಿಗೆ ಕಳಿಸಿದರಾಯಿತು. ಎಲ್ಲರೂ ಒಂದೇ ಗಂಟೆಗೆ ಗುಂಡಿ ಒತ್ತಿದರೆ ಪಲೆರ್ಮೊದಲ್ಲೂ ತೂರಿನ್‌ನಲ್ಲೂ ಒಂದೇ ಕ್ಷಣಕ್ಕೆ ಒಂದೇ ಚಿತ್ರ. ಕಾನೂನಿನ ಕಣ್ಣಿಗೆ ಇವು ಹತ್ತಾರು ಸ್ಥಳೀಯ ಕೇಂದ್ರಗಳು, ನೋಡುಗನ ಕಣ್ಣಿಗೆ ಒಂದೇ ವಾಹಿನಿ. ಚರಿತ್ರೆಕಾರರು ಇದನ್ನು ಚತುರ ವಂಚನೆ ಎಂದು ಒಂದು ಸಾಲಿನಲ್ಲಿ ಮುಗಿಸುವುದುಂಟು. ನನಗೆ ಮುಖ್ಯವೆನಿಸುವುದು ಕ್ಯಾಸೆಟ್ಟು ಒಳಹೂರಣಕ್ಕೆ ಮಾಡಿದ್ದು. ದಿನಗಳ ಮೊದಲೇ ಪ್ರತಿ ಮಾಡಿ ಸಾಗಿಸಬೇಕಾದ ಸರಕಿನಲ್ಲಿ ಸುದ್ದಿ ಇರಲಾಗದು, ಇದ್ದರೂ ತಲುಪುವಾಗ ಹಳಸಿರುತ್ತದೆ. ಫುಟ್‌ಬಾಲಿನ ನೇರಪ್ರಸಾರ, ಸಂಸತ್ತಿನ ಗದ್ದಲ, ಚುನಾವಣೆಯ ರಾತ್ರಿ, ಇವೆಲ್ಲ ಆಟದಿಂದ ಹೊರಗೆ. ಉಳಿಯುವುದು ಸಿನಿಮಾ, ಅಮೆರಿಕದ ಧಾರಾವಾಹಿ, ಕಾರ್ಟೂನು, ರಸಪ್ರಶ್ನೆ, ಮೊದಲೇ ಚಿತ್ರೀಕರಿಸಿಟ್ಟ ಹಾಸ್ಯ. ಅಷ್ಟೇ ಅಲ್ಲ, ದೂರದ ಕೇಂದ್ರದವನು ಗೊಂದಲವಿಲ್ಲದೆ ಗುಂಡಿ ಒತ್ತಬೇಕಾದರೆ ವೇಳಾಪಟ್ಟಿ ಕಟ್ಟುನಿಟ್ಟಾಗಿರಬೇಕು. ಇದೇ ಕಾರ್ಯಕ್ರಮ, ಇದೇ ವೇಳೆಗೆ, ದಿನವೂ. ರಾಯ್‌ನಲ್ಲಿ ವಾರಕ್ಕೊಮ್ಮೆ ಕಾದು ನೋಡುತ್ತಿದ್ದ ಇಟಲಿ, ದಿನಕ್ಕೊಮ್ಮೆ ಕಾಯದೆ ನೋಡುವುದನ್ನು ಕಲಿತದ್ದು ಹೀಗೆ.

ಇದಕ್ಕೆ ಹಣ ಹೂಡಿದವರು ಒಬ್ಬರಲ್ಲ. ಬೆರ್ಲುಸ್ಕೋನಿ ತನ್ನ ಮಿಲಾನ್ ಬಡಾವಣೆಯ ಪುಟ್ಟ ಕೇಂದ್ರವನ್ನು ಬೆಳೆಸಿ 1980ರಲ್ಲಿ ‘ಕನಾಲೆ 5’ ಕಟ್ಟಿದರು. 1982ರ ಜನವರಿಯಲ್ಲಿ ಪ್ರಕಾಶಕ ರುಸ್ಕೋನಿ ‘ಇಟಾಲಿಯಾ 1’ನ್ನೂ, ದೇಶದ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾದ ಮೊಂದಾದೋರಿ ‘ರೇತೆ 4’ನ್ನೂ ಶುರುಮಾಡಿದರು. ಪುಸ್ತಕ, ಪತ್ರಿಕೆಗಳಲ್ಲಿ ಪಳಗಿದ ಇವರಿಬ್ಬರೂ ಟೀವಿಯಲ್ಲಿ ಸೋತದ್ದು ಕುತೂಹಲದ ಸಂಗತಿ. ರೇತೆ 4 ‘ವಿಂಡ್ಸ್ ಆಫ್ ವಾರ್’ ಎಂಬ ಭಾರೀ ಧಾರಾವಾಹಿಯ ಮೇಲೆ ಆಸೆ ಇಟ್ಟುಕೊಂಡಾಗ ಕನಾಲೆ 5 ‘ಥಾರ್ನ್ ಬರ್ಡ್ಸ್’ ಹಾಕಿ ಅದನ್ನು ಮಸುಕಾಗಿಸಿತು. ಮೊದಲು ಇಟಾಲಿಯಾ 1, ಆಮೇಲೆ 1984ರ ಆಗಸ್ಟಿನಲ್ಲಿ ರೇತೆ 4, ಎರಡೂ ಬೆರ್ಲುಸ್ಕೋನಿಯ ಕೈಸೇರಿದವು. ಹೀಗೆ ರಾಯ್‌ನ ಮೂರು ವಾಹಿನಿಗೆ ಎದುರಾಗಿ ಒಬ್ಬನದೇ ಮೂರು ನಿಂತವು. ಗೆಲುವಿನ ಗುಟ್ಟು ಕಾರ್ಯಕ್ರಮದಲ್ಲಿ ಎಷ್ಟಿತ್ತೋ ಜಾಹೀರಾತು ಮಾರುವುದರಲ್ಲೂ ಅಷ್ಟೇ ಇತ್ತು. ರಾಯ್‌ನ ಜಾಹೀರಾತಿಗೆ ಸಂಸತ್ತಿನ ಸಮಿತಿ ಮಿತಿ ಹಾಕಿತ್ತು. ಜಾಗ ಸಾಲದ್ದರಿಂದ ದೊಡ್ಡ ಕಂಪನಿಗಳೇ ಸರದಿಯಲ್ಲಿ ನಿಲ್ಲುತ್ತಿದ್ದವು, ಮಧ್ಯಮ ಗಾತ್ರದವರಿಗೆ ಬಾಗಿಲೇ ಇರಲಿಲ್ಲ. ಬೆರ್ಲುಸ್ಕೋನಿಯ ಜಾಹೀರಾತು ಸಂಸ್ಥೆ ಪುಬ್ಲಿತಾಲಿಯಾ ಹೋಗಿ ತಟ್ಟಿದ್ದು ಇಂಥ ಕಂಪನಿಗಳ ಬಾಗಿಲನ್ನೇ.

ಆ ವರ್ಷದ ಖಾಸಗಿ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಅಮೆರಿಕದ ಧಾರಾವಾಹಿ ‘ಡಲ್ಲಾಸ್’ ಮೊದಲು ಸಿಗುತ್ತದೆ. ಇದನ್ನು ಮೊದಲು ತಂದದ್ದು ರಾಯ್, ಅದರ ಬೆಲೆ ಅರಿಯದೆ ಕೈಬಿಟ್ಟದ್ದೂ ರಾಯ್. ಮಧ್ಯಾಹ್ನ ಊಟದ ಹೊತ್ತಿಗೆ ಕನಾಲೆ 5ರಲ್ಲಿ ಕೊರ್ರಾದೊ ನಡೆಸುತ್ತಿದ್ದ, ಹೆಸರಿನಲ್ಲೂ ಊಟವನ್ನೇ ಇಟ್ಟುಕೊಂಡಿದ್ದ ಆಟ, ರಾತ್ರಿ ಮೈಕ್ ಬೊಂಜೋರ್ನೊ ಅವರ ‘ಸೂಪರ್‌ಫ್ಲ್ಯಾಶ್’ ರಸಪ್ರಶ್ನೆ. ಇಬ್ಬರೂ ರಾಯ್‌ನಲ್ಲೇ ಬೆಳೆದ ಮುಖಗಳು. ಬೊಂಜೋರ್ನೊ 1955ರಲ್ಲೇ ದೇಶದ ಮೊದಲ ದೊಡ್ಡ ರಸಪ್ರಶ್ನೆ ನಡೆಸಿದವರು. ಎಂದರೆ ಖಾಸಗಿ ಟೀವಿ ಬರೀ ಅಮೆರಿಕವನ್ನು ತರಲಿಲ್ಲ, ರಾಯ್‌ನ ನೆನಪನ್ನೂ ಬಾಡಿಗೆಗೆ ತಂದಿತು. ನಿಜವಾಗಿ ಹೊಸತೆನ್ನಬಹುದಾದದ್ದು ಇಟಾಲಿಯಾ 1ರಲ್ಲಿ 1983ರ ಅಕ್ಟೋಬರಿನಿಂದ ಬರುತ್ತಿದ್ದ ಆಂತೋನಿಯೊ ರಿಚ್ಚಿಯ ‘ಡ್ರೈವ್ ಇನ್’. ಕ್ಷಣಕ್ಷಣಕ್ಕೂ ಕತ್ತರಿಸಿದ ಚುಟುಕು ಪ್ರಹಸನಗಳು, ಧ್ವನಿಮುದ್ರಿತ ನಗು, ತುಂಡುಡುಗೆಯ ಹುಡುಗಿಯರು, ನಡುನಡುವೆ ಟೀವಿಯನ್ನೇ ಅಣಕಿಸುವ ಮಾತು. ರಿಚ್ಚಿ ಇದನ್ನು ಆ ಕಾಲದ ಗ್ರಾಹಕ ಹುಚ್ಚಿನ ವ್ಯಂಗ್ಯ ಎಂದೇ ಸಮರ್ಥಿಸಿಕೊಂಡು ಬಂದಿದ್ದಾರೆ. ವ್ಯಂಗ್ಯ ಇತ್ತು ನಿಜ. ಆದರೆ ಹೆಣ್ಣಿನ ಮೈಯನ್ನು ಸರಕಾಗಿಸುವ ವಿಷಯ ಬಂದಾಗ ಆ ವ್ಯಂಗ್ಯ ಬಾಯಿ ಮುಚ್ಚಿಕೊಂಡಿದ್ದೂ ಅಷ್ಟೇ ನಿಜ. ತಂತ್ರದ ದೃಷ್ಟಿಯಿಂದ ನೋಡಿದರೆ ಅದು ಕ್ಯಾಸೆಟ್ಟಿನ ಕೂಸು. ಸಂಕಲನದ ಮೇಜಿನಲ್ಲಿ ಮಾತ್ರ ಹುಟ್ಟಬಲ್ಲ, ನೇರಪ್ರಸಾರದಲ್ಲಿ ಸಾಧ್ಯವೇ ಆಗದ ವೇಗ ಅದರದು.

ಹಾಗಾದರೆ ರಾಯ್ ಕೈಕಟ್ಟಿ ಕುಳಿತಿತ್ತೆ? ಇಲ್ಲ. ಅದರ ಅತ್ಯುತ್ತಮ ವರ್ಷಗಳಲ್ಲಿ ಇದೂ ಒಂದು ಎಂದು ವಾದಿಸುವವರ ಬಳಿ ಒಳ್ಳೆಯ ಸಾಕ್ಷ್ಯಗಳಿವೆ. ಮಾರ್ಚ್ 11ರಂದು ಶುರುವಾದ ‘ಲಾ ಪಿಯೋವ್ರಾ’ವನ್ನೇ ತೆಗೆದುಕೊಳ್ಳಿ. ದಮಿಯಾನೊ ದಮಿಯಾನಿ ನಿರ್ದೇಶನದ ಆರು ಕಂತುಗಳಲ್ಲಿ ಮಿಕೆಲೆ ಪ್ಲಾಚಿದೊ ಸಿಸಿಲಿಯ ಮಾಫಿಯಾದ ಬೆನ್ನುಹತ್ತುವ ಪೊಲೀಸ್ ಅಧಿಕಾರಿ ಕತ್ತಾನಿ. ಮಗಳು ಅಪಹರಣವಾಗುತ್ತಾಳೆ, ಕಾನೂನು ಅವನ ಕೈಯಲ್ಲೇ ಬಾಗುತ್ತದೆ, ಅಪರಾಧದ ಕೈಗಳು ಬ್ಯಾಂಕಿನವರೆಗೂ ಅಂತಸ್ತಿನ ಮನೆಗಳವರೆಗೂ ಚಾಚಿರುತ್ತವೆ. ಮಾಫಿಯಾವನ್ನು ಹತ್ತಿಕ್ಕಲು ನೇಮಕಗೊಂಡಿದ್ದ ಜನರಲ್ ದಲ್ಲಾ ಕಿಯೇಜಾ ಪಲೆರ್ಮೊದಲ್ಲಿ ಹತ್ಯೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಧಾರಾವಾಹಿ ಮುಗಿದ ಕೆಲವೇ ತಿಂಗಳಿಗೆ ಬುಷೆತ್ತಾ ಎಂಬ ಮಾಫಿಯಾದವನು ನ್ಯಾಯಾಧೀಶ ಫಾಲ್ಕೋನೆಯ ಮುಂದೆ ಬಾಯಿಬಿಟ್ಟ, ಸೆಪ್ಟೆಂಬರಿನಲ್ಲಿ ನೂರಾರು ಬಂಧನ ವಾರಂಟುಗಳು ಹೊರಟವು. ದೇಶದ ಎದೆಬಡಿತಕ್ಕೆ ಇಷ್ಟು ಹತ್ತಿರ ನಿಂತ ಕಥೆಯನ್ನು ಖಾಸಗಿ ವಾಹಿನಿಗಳು ಆ ವರ್ಷ ಕೊಡಲಿಲ್ಲ. ಜೂನ್ 13ರಂದು ಕಮ್ಯುನಿಸ್ಟ್ ನಾಯಕ ಎನ್ರಿಕೊ ಬೆರ್ಲಿಂಗ್ವೆರ್ ಅವರ ಅಂತ್ಯಕ್ರಿಯೆಗೆ ರೋಮಿನಲ್ಲಿ ಜನಸಾಗರ ಸೇರಿದಾಗ ಅದನ್ನು ದೇಶಕ್ಕೆ ನೇರವಾಗಿ ತೋರಿಸಲು ಸಾಧ್ಯವಿದ್ದದ್ದೂ ರಾಯ್‌ಗೆ ಮಾತ್ರ.

ಆದರೆ ಅದೇ ರಾಯ್‌ನ ಇನ್ನೊಂದು ಮುಖ ನೋಡಿ. 1983ರ ಅಕ್ಟೋಬರಿನಿಂದ ಮಧ್ಯಾಹ್ನ ಹನ್ನೆರಡು ಗಂಟೆಗೆ, ಹಿಂದೆ ಖಾಲಿ ಬಿದ್ದಿರುತ್ತಿದ್ದ ವೇಳೆಗೆ, ರಫಾಯೆಲ್ಲಾ ಕರ್ರಾ ಗಾಜಿನ ಭರಣಿಯಲ್ಲಿ ಬೀನ್ಸ್ ಕಾಳು ತುಂಬಿಟ್ಟುಕೊಂಡು ಅದರಲ್ಲಿ ಎಷ್ಟು ಕಾಳಿವೆ ಎಂದು ದೇಶಕ್ಕೆ ಕೇಳುತ್ತಿದ್ದರು. ಜನ ಫೋನು ಮಾಡಿ ಅಂದಾಜು ಹೇಳುತ್ತಿದ್ದರು. ‘ಪ್ರೊಂತೊ, ರಫಾಯೆಲ್ಲಾ?’ ಸೋಮಾರಿ ಕಾರ್ಯಕ್ರಮವೇನಲ್ಲ. ಮನೆಯಲ್ಲಿ ಒಂಟಿಯಾಗಿರುವವರ ದನಿಗೆ ಜಾಗ ಕೊಟ್ಟ ಅದರ ಹೆಚ್ಚುಗಾರಿಕೆಯನ್ನು ಅಲ್ಲಗಳೆಯಲಾಗದು. ಆದರೂ ಇದು ಎದುರಾಳಿಯ ವ್ಯಾಕರಣ: ದಿನವೂ, ಅದೇ ವೇಳೆಗೆ, ಬಹುಮಾನದೊಂದಿಗೆ. 1984ರಲ್ಲಿ ಕರ್ರಾ ಅವರ ಹೊಸ ಒಪ್ಪಂದದ ಮೊತ್ತ ಪ್ರಧಾನಿಯೇ ಬಹಿರಂಗವಾಗಿ ಟೀಕಿಸುವಷ್ಟು ಏರಿತ್ತು. ಖಾಸಗಿಯವರು ಎತ್ತಿಕೊಂಡು ಹೋಗಬಾರದೆಂದು ತೆತ್ತ ಬೆಲೆ ಅದು. ಅದೇ ವರ್ಷ ಸಾನ್ ರೇಮೊ ಸಂಗೀತೋತ್ಸವ, ಭಾನುವಾರದ ‘ದೊಮೇನಿಕಾ ಇನ್’, ಶನಿವಾರ ರಾತ್ರಿಯ ‘ಫಾಂತಾಸ್ತಿಕೊ’ ಮೂರನ್ನೂ ಪಿಪ್ಪೊ ಬೌದೊ ಒಬ್ಬರೇ ನಡೆಸಿದರು. ಅಷ್ಟು ದೊಡ್ಡ ಸಂಸ್ಥೆ ಒಂದೇ ಮುಖಕ್ಕೆ ಆತುಕೊಂಡದ್ದು ಧೈರ್ಯದ ಲಕ್ಷಣ ಅನ್ನಿಸುವುದಿಲ್ಲ.

ಅಕ್ಟೋಬರಿನ ಘಟನೆಗೆ ಬರೋಣ. ಮ್ಯಾಜಿಸ್ಟ್ರೇಟರು ತಡೆದದ್ದು ಒಂದೇ ಕಾರ್ಯಕ್ರಮವನ್ನು ಏಕಕಾಲಕ್ಕೆ ದೇಶವಿಡೀ ಹರಿಸುವುದನ್ನು. ಸ್ಥಳೀಯವಾಗಿ ಪ್ರಸಾರ ಮಾಡಲು ಅಡ್ಡಿಯಿರಲಿಲ್ಲ. ಪರದೆಯನ್ನೇ ಪೂರ್ತಿ ಕಪ್ಪಾಗಿಸಿ, ನ್ಯಾಯಾಧೀಶರೇ ಇದಕ್ಕೆ ಕಾರಣ ಎಂದು ಬರಹ ತೋರಿಸುವ ನಿರ್ಧಾರ ಬೆರ್ಲುಸ್ಕೋನಿಯ ಸಂಸ್ಥೆಯದು. ಫಲ ಕೂಡಲೇ ಸಿಕ್ಕಿತು. ದೂರುಗಳು ಎದ್ದವು, ಮಕ್ಕಳ ನೀಲಿ ಸ್ಮರ್ಫ್‌ಗಳು ಎಲ್ಲಿ, ಡಲ್ಲಾಸ್ ಎಲ್ಲಿ ಎಂದು. ಅಭಿವ್ಯಕ್ತಿ ಸ್ವಾತಂತ್ರ್ಯ ಹೋಯಿತು ಎಂಬ ಮಾತು ಪತ್ರಿಕೆಗಳಲ್ಲಿ ಕೇಳಿಬಂದರೂ ಕಳೆದುಹೋದದ್ದು ಅಭಿವ್ಯಕ್ತಿಯಲ್ಲ. ಆ ವಾಹಿನಿಗಳಲ್ಲಿ ದಿನದ ಸುದ್ದಿಯೇ ಇರಲಿಲ್ಲವಲ್ಲ! ಕಳೆದುಹೋದದ್ದು ಸಂಜೆಯ ರೂಢಿ. ನನ್ನ ವಾದದ ತಿರುಳು ಇಲ್ಲೇ ಇದೆ. ಖಾಸಗಿ ವಾಹಿನಿಗಳಿಗೆ ಸುದ್ದಿ ಇದ್ದಿದ್ದರೆ ಅವಕ್ಕೊಂದು ಪಕ್ಷವಿದೆ ಎಂದು ಎದುರು ಪಕ್ಷದ ಮತದಾರರು ಆ ದಿನ ಒಳಗೊಳಗೇ ಖುಷಿಪಡುತ್ತಿದ್ದರು. ನಿಷೇಧ ಅವನ್ನು ರಾಜಕೀಯದಿಂದ ತೊಳೆದು ಎಲ್ಲರ ಮನೆಗೂ ಸಲ್ಲುವಂತೆ ಮಾಡಿಟ್ಟಿತ್ತು. ಕಮ್ಯುನಿಸ್ಟನ ಮಗುವಿಗೂ ಪಾದ್ರಿಯ ತಂಗಿಗೂ ನಷ್ಟವಾದದ್ದು ಒಂದೇ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಹೀಗಿದೆ: ರೂಢಿ ಗೀಢಿ ಏನಿದ್ದರೂ ಸುಗ್ರೀವಾಜ್ಞೆಗೆ ಸಹಿ ಹಾಕಿದ್ದು ಗೆಳೆಯ, ಬೇರೆ ಪ್ರಧಾನಿ ಇದ್ದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಗೆಳೆತನ ಆ ಆತುರವನ್ನು ವಿವರಿಸುತ್ತದೆ, ಒಪ್ಪುತ್ತೇನೆ. ಆದರೆ ನವೆಂಬರ್ 28ರಂದು ಕೆಳಮನೆ ಆ ಸುಗ್ರೀವಾಜ್ಞೆಯನ್ನು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತಳ್ಳಿಹಾಕಿತು. ಗೆಳೆತನದ ಶಕ್ತಿ ಅಲ್ಲಿಗೆ ಮುಗಿದಿತ್ತು. ಡಿಸೆಂಬರ್ 6ರಂದು ಎರಡನೆಯ ಸುಗ್ರೀವಾಜ್ಞೆ ಬಂತು, ಅದು 1985ರ ಫೆಬ್ರವರಿ 4ರಂದು ಕಾಯಿದೆಯೂ ಆಯಿತು. ನಡುವೆ ಚೌಕಾಸಿ ನಡೆದಿತ್ತು. ರಾಯ್‌ನ ಆಡಳಿತ ಬದಲಿಸಿ ಅದರ ಮಹಾನಿರ್ದೇಶಕರ ಅಧಿಕಾರ ಹೆಚ್ಚಿಸುವ ನಿಯಮಗಳನ್ನು ಅದೇ ಸುಗ್ರೀವಾಜ್ಞೆಗೆ ಹೊಲಿದು ಕ್ರಿಶ್ಚಿಯನ್ ಡೆಮಾಕ್ರಾಟರನ್ನು ಒಲಿಸಿಕೊಳ್ಳಲಾಯಿತು. ಹಾಗೆಂದ ಮೇಲೆ ರೂಢಿಯೊಂದೇ ಗೆದ್ದಿತು ಎಂದು ನಾನು ಹೇಳುವಂತಿಲ್ಲ. ಆದರೂ ಚೌಕಾಸಿಯಲ್ಲಿ ಯಾರೂ ಮೇಜಿನ ಮೇಲಿಡದ ಒಂದು ಸಾಧ್ಯತೆಯಿತ್ತು, ಆ ಮೂರು ವಾಹಿನಿಗಳನ್ನು ಮುಚ್ಚುವುದು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾವ ದೊಡ್ಡ ಪಕ್ಷಕ್ಕೂ ಇರಲಿಲ್ಲ.

ರೂಢಿಯ ಬಲದ ಈ ವಾದವನ್ನು ಪರೀಕ್ಷಿಸಲು ಪಕ್ಕದ ದೇಶವೇ ಒಂದು ಉದಾಹರಣೆ ಒದಗಿಸಿದೆ. ಫ್ರಾನ್ಸಿನ ಸಮಾಜವಾದಿ ಅಧ್ಯಕ್ಷ ಮಿತ್ತರಾಂ ಅವರ ಕಾಲದಲ್ಲಿ ಬೆರ್ಲುಸ್ಕೋನಿ ಪಾಲುದಾರರಾಗಿದ್ದ ‘ಲಾ ಸ್ಯಾಂಕ್’ ವಾಹಿನಿಗೆ ಪರವಾನಗಿ ಸಿಕ್ಕಿತು, 1986ರ ಫೆಬ್ರವರಿಯಲ್ಲಿ ಪ್ರಸಾರ ಶುರುವಾಯಿತು. ಅದೇ ಮನುಷ್ಯ, ಅದೇ ಬಗೆಯ ಕಾರ್ಯಕ್ರಮ, ಅಧಿಕಾರದ ಒಲವೂ ಇತ್ತು. ಮುಂದಿನ ತಿಂಗಳೇ ಸರ್ಕಾರ ಬದಲಾಯಿತು, ಪರವಾನಗಿ ರದ್ದಾಗಿ ಹೊಸದಾಗಿ ಹಂಚಿಕೆಯಾಯಿತು, ಕೈ ಬದಲಾಯಿಸಿಕೊಂಡು ವಾಹಿನಿ 1992ರಲ್ಲಿ ಮುಚ್ಚಿತು. ಇಟಲಿಯಲ್ಲಿ ನೋಡುಗರು ಮೊದಲು, ಕಾಗದ ಆಮೇಲೆ. ಫ್ರಾನ್ಸಿನಲ್ಲಿ ಕಾಗದ ಮೊದಲು ಬಂತು, ಅದನ್ನು ಹರಿಯುವಾಗ ಬೀದಿಗೆ ಬರುವಷ್ಟು ಹಳೆಯ ರೂಢಿ ಇನ್ನೂ ಕೂಡಿರಲಿಲ್ಲ.

ಫೆಬ್ರವರಿ 1985ರ ಕಾಯಿದೆ ತನ್ನನ್ನು ತಾತ್ಕಾಲಿಕ ಎಂದು ಕರೆದುಕೊಂಡಿತು. ಆ ತಾತ್ಕಾಲಿಕ ಐದು ವರ್ಷಕ್ಕೂ ಮೀರಿ ಎಳೆಯಿತು. ಮಂತ್ರಿ ಮಮ್ಮೀ ಅವರ ಹೆಸರಿನ 1990ರ ಆಗಸ್ಟಿನ ಕಾಯಿದೆ ಕೊನೆಗೂ ಇದ್ದದ್ದನ್ನು ಇದ್ದಂತೆ ಬರೆದುಕೊಂಡಿತು: ರಾಯ್‌ಗೆ ಮೂರು, ಬೆರ್ಲುಸ್ಕೋನಿಗೆ ಮೂರು. ಅದನ್ನು ಒಪ್ಪದೆ ಐವರು ಮಂತ್ರಿಗಳು ರಾಜೀನಾಮೆ ಕೊಟ್ಟರು, ಅವರಲ್ಲೊಬ್ಬರು ಮುಂದೆ ರಾಷ್ಟ್ರಾಧ್ಯಕ್ಷರಾದ ಸೆರ್ಜೊ ಮತ್ತರೆಲ್ಲಾ. ಅದೇ ಕಾಯಿದೆ ನೇರಪ್ರಸಾರವನ್ನು ತೆರೆದಿಟ್ಟಿತು, 1992ರ ಜನವರಿಯಲ್ಲಿ ಕನಾಲೆ 5 ತನ್ನ ಸುದ್ದಿ ಕಾರ್ಯಕ್ರಮ ಶುರುಮಾಡಿತು, ಎರಡೇ ವರ್ಷದಲ್ಲಿ ಅದರ ಮಾಲೀಕ ಪ್ರಧಾನಿಯಾದರು. 1995ರ ಜೂನ್ 11ರ ಜನಮತಗಣನೆಯಲ್ಲಿ ಒಬ್ಬನಿಗೆ ಒಂದೇ ವಾಹಿನಿ ಇರಲಿ, ಸಿನಿಮಾದ ನಡುವೆ ಜಾಹೀರಾತು ಬೇಡ ಎಂಬ ಪ್ರಸ್ತಾಪಗಳನ್ನು ಮತದಾರರೇ ಶೇ. 55ಕ್ಕೂ ಹೆಚ್ಚಿನ ಬಹುಮತದಿಂದ ತಿರಸ್ಕರಿಸಿದರು. ಆ ಮತದಾನದ ಪ್ರಚಾರ ನಡೆದದ್ದು ಅವೇ ವಾಹಿನಿಗಳಲ್ಲಿ, ಆದ್ದರಿಂದ ಅದನ್ನು ಜನರ ತೀರ್ಪು ಎನ್ನಲಾಗದು ಎಂದು ಅಂದು ಸೋತವರು ವಾದಿಸಿದರು. ಅವರ ದೂರಿನಲ್ಲಿ ಹುರುಳಿದೆ. ಆದರೆ 1984ರಲ್ಲಿ ಪ್ರಚಾರ ಮಾಡಲು ಆ ವಾಹಿನಿಗಳ ಪರದೆಯಲ್ಲಿ ಕಪ್ಪು ಬಣ್ಣದ ಮೇಲಿನ ನಾಲ್ಕು ಸಾಲುಗಳಷ್ಟೇ ಇದ್ದವು, ಅವೇ ಸಾಕಾಗಿದ್ದವು.