ಗಡೀಪಾರಿನ ದ್ವೀಪಗಳಿಗೆ ರಜೆಯ ಟಿಕೆಟ್

ರಾಜಧಾನಿ ಮಾಲೆಯಲ್ಲಿ ಕದ್ದು ಸಿಕ್ಕಿಬಿದ್ದವನನ್ನೋ, ಸುಲ್ತಾನನ ವಿರುದ್ಧ ಪಿತೂರಿ ಹೂಡಿದವನನ್ನೋ ಏನು ಮಾಡುವುದು? ದೋಣಿ ಹತ್ತಿಸಿ, ದೂರದ ಒಂದು ದ್ವೀಪದಲ್ಲಿ ಇಳಿಸಿ ಬರುವುದು. ಶತಮಾನಗಳ ಕಾಲ ಮಾಲ್ಡೀವ್ಸ್‌ನಲ್ಲಿ ದೊಡ್ಡ ಶಿಕ್ಷೆಯೆಂದರೆ ಇದು. ಗೋಡೆ ಬೇಡ, ಕಾವಲು ಬೇಡ. ಸುತ್ತ ಸಮುದ್ರವಿದ್ದರೆ ಸಾಕು. ಬಿಳಿ ಮರಳು, ತೆಂಗಿನ ನೆರಳು, ತಿಳಿನೀಲಿ ನೀರು, ಮಾಡಲು ಕೆಲಸವಿಲ್ಲ, ಮಾತಾಡಲು ಪರಿಚಯದವರಿಲ್ಲ. ಇಂದು ಬೆಂಗಳೂರಿನ ಟ್ರಾವೆಲ್ ಏಜೆಂಟರು ಲಕ್ಷಗಟ್ಟಲೆ ರೂಪಾಯಿಗೆ ಮಾರುವ ಪ್ಯಾಕೇಜಿನಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ. ಊಟ ಮಾತ್ರ ಆಗಿನದಕ್ಕಿಂತ ಚೆನ್ನಾಗಿರುತ್ತದೆ.

ಲಂಕೆಯ ನೈಋತ್ಯಕ್ಕೆ, ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚೆಲ್ಲಿಕೊಂಡಿರುವ ಈ ನಾಡಿನಲ್ಲಿ ಸುಮಾರು 1,200 ಹವಳದ ದ್ವೀಪಗಳಿವೆ. ಜನ ವಾಸಿಸುವುದು 200ರ ಆಸುಪಾಸಿನಲ್ಲಿ ಮಾತ್ರ. ಬೇಸಿಗೆ ರಜೆಗೆ ಯಾವ ದ್ವೀಪ ಎಂದು ಮನೆಮಂದಿಯೆಲ್ಲ ಫೋನ್ ಹಿಡಿದು ಕುಳಿತಾಗ ಕಣ್ಣಿಗೆ ಬೀಳುವ ಪಟ್ಟಿಯನ್ನು ಪ್ರಕೃತಿ ಬರೆದದ್ದಲ್ಲ. ಯಾವ ದ್ವೀಪ ಅತಿಥಿಗೆ, ಯಾವುದು ಮೀನುಗಾರನಿಗೆ, ಯಾವುದು ಕೈದಿಗೆ ಎಂದು ಹಂಚಿಟ್ಟದ್ದು ಮಾಲೆಯ ಸರ್ಕಾರ. ಆ ಹಂಚಿಕೆ ನಡೆದು ಐವತ್ತು ವರ್ಷ ದಾಟಿದೆ, ಅಷ್ಟೇ.

ಅದಕ್ಕೂ ಮೊದಲು ಇಲ್ಲಿಗೆ ಬಂದ ಹೊರಗಿನವರು ವಿಹಾರಕ್ಕೆ ಬಂದವರಲ್ಲ. ಮೊರಾಕ್ಕೋದ ಇಬ್ನ್ ಬತೂತ ನಮ್ಮ ಕರಾವಳಿಯ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡು, ಕಲ್ಲಿಕೋಟೆಯಿಂದ ಹಡಗು ಹತ್ತಿ 1343ರಲ್ಲಿ ಇಲ್ಲಿಗೆ ಬಂದ. ಆಗ ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಓದು ಬಲ್ಲ ಈ ಪರದೇಶಿಯನ್ನು ನ್ಯಾಯಾಧೀಶನನ್ನಾಗಿ ಕೂರಿಸಿದರು. ಕುಳಿತವನು ಷರೀಯತ್ತಿನ ಪ್ರಕಾರ ಕಳ್ಳನೊಬ್ಬನ ಕೈ ಕತ್ತರಿಸಲು ಹೇಳಿದಾಗ, ಆ ಕೋಣೆಯಲ್ಲಿದ್ದ ದ್ವೀಪದವರಲ್ಲಿ ಹಲವರು ಮೂರ್ಛೆ ಹೋದರು ಎಂದು ಅವನೇ ಬರೆದಿದ್ದಾನೆ. ರಕ್ತ ನೋಡಿ ರೂಢಿಯಿಲ್ಲದ ಜನ. ಹೆಂಗಸರು ಸೊಂಟದ ಮೇಲೆ ಬಟ್ಟೆ ತೊಡದೆ ಓಡಾಡುವುದನ್ನೂ ನಿಲ್ಲಿಸಲು ನೋಡಿದ. ಅದು ಅವನ ಕೈಯಲ್ಲಿ ಆಗಲಿಲ್ಲ. ಆದರೂ ಅಲ್ಲೇ ಕೆಲವು ಮದುವೆ ಮಾಡಿಕೊಂಡು, ಮುಂದಿನ ವರ್ಷ ಆಳುವವರೊಡನೆ ಜಗಳವಾಡಿ ಹೊರಟುಹೋದ.

ಅವನು ಬರೆದಿಟ್ಟ ಇನ್ನೊಂದು ಸಂಗತಿ ಕವಡೆಯದು. ಸಮುದ್ರದಿಂದ ಹಿಡಿದ ಹುಳುವನ್ನು ಗುಂಡಿಯಲ್ಲಿ ಹಾಕಿ, ಮಾಂಸ ಕೊಳೆತು ಬರಿಯ ಚಿಪ್ಪು ಉಳಿದ ಮೇಲೆ ಬಂಗಾಳದ ವ್ಯಾಪಾರಿಗಳಿಗೆ ಕೊಟ್ಟು ಅಕ್ಕಿ ತರಿಸುತ್ತಿದ್ದರು. ದ್ವೀಪದಲ್ಲಿ ಬತ್ತ ಬೆಳೆಯುವುದಿಲ್ಲ. ಬಂಗಾಳದಲ್ಲಿ ಚಿಲ್ಲರೆ ನಾಣ್ಯದ ಜಾಗಕ್ಕೆ ಕವಡೆ ಬೇಕು. ಮುಂದೆ ಡಚ್ಚರು, ಇಂಗ್ಲಿಷರು ಇದೇ ಕವಡೆಯನ್ನು ಪಶ್ಚಿಮ ಆಫ್ರಿಕಕ್ಕೆ ಒಯ್ದು ಗುಲಾಮರನ್ನು ಕೊಂಡರು. ನಮ್ಮ ಅಜ್ಜಿಯರು ಚೌಕಾಬಾರ ಆಡಿದ್ದು, ಯಲ್ಲಮ್ಮನ ಜೋಗತಿಯರು ಸರ ಮಾಡಿ ತೊಟ್ಟದ್ದು ಇಂಥ ಪುಟ್ಟ ಚಿಪ್ಪುಗಳನ್ನೇ. ಅದರ ಬೆಲೆ ಏನೆಂದು ಆಫ್ರಿಕದ ಕರಾವಳಿಯಲ್ಲಿ ಕೇಳಬೇಕಿತ್ತು.

1602ರ ಜುಲೈಯಲ್ಲಿ ಫ್ರಾನ್ಸಿನ ‘ಕಾರ್ಬಿನ್’ ಎಂಬ ಹಡಗು ಗೊಯಿಧೂ ಬಳಿಯ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಉಳಿದುಕೊಂಡವರಲ್ಲಿ ಫ್ರಾಂಸ್ವಾ ಪಿರಾರ್ ಒಬ್ಬ. ಅವನನ್ನು ಪಕ್ಕದ ಫುಲ್ಹಧೂ ದ್ವೀಪಕ್ಕೆ ಒಯ್ದರು. ತಿನ್ನಲು ಸಾಲದೆ ಸಂಗಡಿಗರು ಒಬ್ಬೊಬ್ಬರಾಗಿ ಸಾಯುತ್ತಿದ್ದರೆ, ಈತ ದಿವೇಹಿ ಭಾಷೆ ಕಲಿತ. ಕಲಿತದ್ದೇ ಜೀವ ಉಳಿಸಿತು, ಮಾಲೆಗೂ ಸುಲ್ತಾನನ ಬಳಿಗೂ ಕರೆದೊಯ್ದಿತು. ದೇಶ ಬಿಟ್ಟು ಹೋಗಲು ಮಾತ್ರ ಅಪ್ಪಣೆಯಿಲ್ಲ. 1607ರಲ್ಲಿ ಬಂಗಾಳದ ಕಡೆಯಿಂದ ಬಂದ ದಾಳಿಕಾರರು ಮಾಲೆಯನ್ನು ದೋಚಿ ಸುಲ್ತಾನನನ್ನು ಕೊಂದಾಗಲೇ ಅವನಿಗೆ ಬಿಡುಗಡೆ. ಒಂದೇ ವರ್ಷದಲ್ಲಿ ಮೂವತ್ತು ನಲವತ್ತು ಹಡಗುಗಳು ಬರೀ ಕವಡೆ ತುಂಬಿಕೊಂಡು ಹೋದದ್ದನ್ನು ಕಂಡಿದ್ದಾಗಿ ಹೇಳಿದವನು ಇವನೇ. ಇಲ್ಲಿನ ಜ್ವರದ ಬಗ್ಗೆಯೂ ಅವನು ಬರೆದ. ಹೊರಗಿನವರಿಗೆ ತಗುಲಿದರೆ ಏಳುವುದು ಕಷ್ಟ ಎಂಬ ಹೆಸರು ಆ ಜ್ವರಕ್ಕೆ ಇಂಡಿಯಾ ಪೂರ್ತಿ ಹಬ್ಬಿತ್ತು. 1834ರಿಂದ 1836ರವರೆಗೆ ಕ್ಯಾಪ್ಟನ್ ಮೋರ್ಸ್‌ಬಿ ಈ ದ್ವೀಪಗಳ ನಕ್ಷೆ ತೆಗೆದಾಗಲೂ ಮಾಲೆಯಲ್ಲಿ ಉಳಿದ ಅವನ ಅಧಿಕಾರಿಗಳು ಜ್ವರದಿಂದ ಹಾಸಿಗೆ ಹಿಡಿದರು. ಮಲೇರಿಯಾದಿಂದ ಮಾಲ್ಡೀವ್ಸ್ ಪೂರ್ತಿ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪತ್ರ ಕೊಟ್ಟದ್ದು 2015ರಲ್ಲಿ.

ಇಂಥ ಜಾಗಕ್ಕೆ ರಜೆ ಕಳೆಯಲು ಯಾರು ಬರುತ್ತಾರೆ? 1960ರ ದಶಕದಲ್ಲಿ ಬಂದ ವಿಶ್ವಸಂಸ್ಥೆಯ ತಜ್ಞರೂ ಇದನ್ನೇ ಕೇಳಿಕೊಂಡು, ಇಲ್ಲಿ ಪ್ರವಾಸೋದ್ಯಮ ನಡೆಯುವ ಮಾತಲ್ಲ ಎಂದು ವರದಿ ಕೊಟ್ಟು ಹೋದರು ಎಂಬುದು ಮಾಲೆಯಲ್ಲಿ ಇಂದಿಗೂ ನಗುತ್ತ ಹೇಳುವ ಕಥೆ. ತಜ್ಞರನ್ನು ದೂರುವಂತಿಲ್ಲ. ಆಗ ಇಲ್ಲಿ ಬ್ಯಾಂಕಿಲ್ಲ, ಹೋಟೆಲಿಲ್ಲ. ಹುಲ್ಹುಲೆ ದ್ವೀಪದಲ್ಲಿ 1960ರಲ್ಲಿ ಉಕ್ಕಿನ ಹಾಳೆ ಹಾಸಿ ಮಾಡಿದ ವಿಮಾನದ ಓಡುದಾರಿಗೆ ಡಾಂಬರು ಬಿದ್ದದ್ದು 1966ರಲ್ಲಿ. ಬ್ರಿಟಿಷರಿಂದ ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1965ರಲ್ಲಿ. 1968ರಲ್ಲಿ ಸುಲ್ತಾನಗಿರಿ ಹೋಗಿ ಇಬ್ರಾಹಿಂ ನಾಸಿರ್ ಅಧ್ಯಕ್ಷರಾದರು. ನಾಡಿನ ಸಂಪಾದನೆ ಎಂದರೆ ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಸೂರೆ ಮೀನು. ಅದನ್ನು ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಲಂಕೆ. 1970ರ ದಶಕದ ಆರಂಭದಲ್ಲಿ ಲಂಕೆ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿ ಆಮದು ಕಡಿತ ಮಾಡಿದಾಗ ಆ ಒಂದೇ ಆಧಾರವೂ ಅಲುಗಿತು.

ಸರಿಯಾಗಿ ಅದೇ ಹೊತ್ತಿಗೆ ಕೊಲಂಬೊದಲ್ಲಿ ಜನ ತುಳಿಯದ ದ್ವೀಪಗಳನ್ನು ಹುಡುಕುತ್ತಿದ್ದ ಇಟಲಿಯ ಪ್ರವಾಸ ಏಜೆಂಟ್ ಒಬ್ಬ, ಮಾಲ್ಡೀವ್ಸ್ ರಾಯಭಾರ ಕಚೇರಿಯಲ್ಲಿದ್ದ ತರುಣ ಅಹ್ಮದ್ ನಸೀಂ ಕಣ್ಣಿಗೆ ಬಿದ್ದ. ಏಜೆಂಟನ ಹೆಸರು ಜಾರ್ಜ್ ಕಾರ್ಬಿನ್. ಪಿರಾರನನ್ನು ಮುಳುಗಿಸಿದ ಹಡಗಿನ ಹೆಸರೇ! ಕಥೆಗಾರ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. ನಸೀಂ ಅವನನ್ನು ಮಾಲೆಗೆ ಕರೆತಂದು ತನ್ನ ಗೆಳೆಯರಾದ ಎಂ.ಯು. ಮಣಿಕು, ಹುಸೇನ್ ಅಫೀಫ್ ಅವರಿಗೆ ಪರಿಚಯಿಸಿದ. ದೋಣಿಯಲ್ಲಿ ಸುತ್ತಾಡಿ ನೋಡಿದ ಕಾರ್ಬಿನ್ ಮರಳಿ ಬರುವೆನೆಂದು ಹೇಳಿ ಹೋದ. ಮಾತು ಉಳಿಸಿಕೊಂಡ: 1972ರ ಫೆಬ್ರುವರಿಯಲ್ಲಿ ಇಟಲಿಯ ಇಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಪತ್ರಕರ್ತರು ಮತ್ತು ಫೋಟೋಗ್ರಾಫರುಗಳೇ ಬಹಳ, ಹುಲ್ಹುಲೆಯಲ್ಲಿ ಇಳಿದರು. ಉಳಿದುಕೊಂಡದ್ದು ಮಾಲೆಯ ಮನೆಗಳಲ್ಲಿ.

ಅದೇ ವರ್ಷ ಅಕ್ಟೋಬರ್ 3ರಂದು, ಮಾಲೆಯ ಹತ್ತಿರದ ನಿರ್ಜನ ದ್ವೀಪ ವಿಹಮನಾಫುಶಿಯಲ್ಲಿ ‘ಕುರುಂಬಾ’, ಅಂದರೆ ಎಳನೀರು, ಎಂಬ ಹೆಸರಿನ ಮೊದಲ ರೆಸಾರ್ಟ್ ಬಾಗಿಲು ತೆರೆಯಿತು. ಒಟ್ಟು 30 ಕೋಣೆ. ಹವಳದ ಕಲ್ಲಿನ ಗೋಡೆ, ಸೋಗೆಯ ಮಾಡು, ಸ್ನಾನಕ್ಕೆ ಉಪ್ಪುಸಪ್ಪಿನ ನೀರು. ಅಡುಗೆ, ಬಡಿಸುವಿಕೆ, ದೋಣಿ ನಡೆಸುವುದು ಎಲ್ಲವೂ ಮಣಿಕು ಮತ್ತು ಗೆಳೆಯರದೇ. ಹೋಟೆಲ್ ನಡೆಸಿದ ಅನುಭವ ಒಬ್ಬರಿಗೂ ಇರಲಿಲ್ಲ. ಆ ವರ್ಷ ಬಂದ ಪ್ರವಾಸಿಗರು ಸಾವಿರದ ಆಸುಪಾಸು. ವರ್ಷದ ಕೊನೆಯೊಳಗೆ ಬಂದೋಸ್ ದ್ವೀಪದಲ್ಲೂ ರೆಸಾರ್ಟ್ ಎದ್ದಿತು. 1974ರಲ್ಲಿ ನಮ್ಮ ಸ್ಟೇಟ್ ಬ್ಯಾಂಕ್ ಮಾಲೆಯಲ್ಲಿ ಶಾಖೆ ತೆರೆದು, ಮುಂದೆ ರೆಸಾರ್ಟುಗಳಿಗೆ ಸಾಲ ಕೊಡತೊಡಗಿತು. 1976ರಲ್ಲಿ ಬ್ರಿಟಿಷ್ ವಾಯುಪಡೆ ದಕ್ಷಿಣದ ಅಡ್ಡೂ ದ್ವೀಪಸಮೂಹದ ಗನ್ ನೆಲೆಯನ್ನು ಮುಚ್ಚಿದಾಗ, ಅಲ್ಲಿ ದುಡಿದು ಇಂಗ್ಲಿಷ್ ಕಲಿತಿದ್ದ ಅಡ್ಡೂವಿನ ಗಂಡಸರು ಕೆಲಸ ಹುಡುಕಿ ಉತ್ತರಕ್ಕೆ ಬಂದರು. ರೆಸಾರ್ಟುಗಳಿಗೆ ಬೇಕಿದ್ದದ್ದೂ ಅಂಥವರೇ. 1981ರಲ್ಲಿ ಓಡುದಾರಿ ಉದ್ದವಾಗಿ ಯುರೋಪಿನ ವಿಮಾನಗಳು ನೇರವಾಗಿ ಇಳಿಯತೊಡಗಿದವು.

ಕುರುಂಬಾ ನಿರ್ಜನ ದ್ವೀಪದಲ್ಲಿ ಎದ್ದದ್ದು ಅನುಕೂಲಕ್ಕೆ. ಆದರೆ ಆ ಅನುಕೂಲವೇ ಕಾಲಕ್ರಮೇಣ ಕಾನೂನಾಯಿತು. 1970ರ ದಶಕದಲ್ಲಿ ಜೋಳಿಗೆ ಹೆಗಲಿಗೇರಿಸಿದ ಯುರೋಪಿನ ಹುಡುಗರು ಮೀನುಗಾರರ ಮನೆಗಳಲ್ಲಿಯೂ ತಂಗುತ್ತಿದ್ದರು. ನಾಸಿರ್ ಬಳಿಕ ಅಧ್ಯಕ್ಷರಾದ ಮಾಮೂನ್ ಗಯೂಮ್ ಅವರ ಸರ್ಕಾರ 1984ರಲ್ಲಿ ಅದನ್ನು ನಿಲ್ಲಿಸಿತು. ಊರಿರುವ ದ್ವೀಪದಲ್ಲಿ ಪರದೇಶಿ ರಾತ್ರಿ ಉಳಿಯುವಂತಿಲ್ಲ. ರೆಸಾರ್ಟ್ ಬೇಕಾದರೆ ಸರ್ಕಾರದಿಂದ ಒಂದು ನಿರ್ಜನ ದ್ವೀಪವನ್ನು ಗುತ್ತಿಗೆ ಹಿಡಿಯಬೇಕು. ಒಂದು ದ್ವೀಪ, ಒಂದು ರೆಸಾರ್ಟ್. ಮದ್ಯ, ಹಂದಿಮಾಂಸ, ಬಿಕಿನಿ ಎಲ್ಲವೂ ಆ ದ್ವೀಪದ ದಡದೊಳಗೆ. ಕಟ್ಟಡ ತೆಂಗಿನ ಮರಕ್ಕಿಂತ ಎತ್ತರ ಏಳಬಾರದು ಎಂಬ ನಿಯಮವೂ ಬಂತು. ಇದು ಒಳ್ಳೆಯದೇ, ಇಲ್ಲವಾದರೆ ಇಷ್ಟರಲ್ಲಿ ಸ್ಪೇನಿನ ಗಗನಚುಂಬಿ ಹೋಟೆಲುಗಳ ಕಡಲೂರು ಬೆನಿಡಾರ್ಮ್‌ನಂತೆ ಆಗಿಹೋಗುತ್ತಿತ್ತು. ಒಟ್ಟಿನಲ್ಲಿ ಅತಿಥಿ ಬರುತ್ತಾನೆ, ದುಡ್ಡು ಕೊಡುತ್ತಾನೆ, ನಾಡನ್ನು ನೋಡದೆ ಹೋಗುತ್ತಾನೆ. ಮಾಲೆಯ ಮೌಲ್ವಿಗೂ ಸಮಾಧಾನ, ಮಿಲಾನಿನ ದಂಪತಿಗೂ ಸಮಾಧಾನ. ಮೀನುಗಾರನ ಕೈಗೆ ಬಂದದ್ದು ಅತಿಥಿಯ ತಟ್ಟೆಗೆ ಮೀನು ಮಾರುವ ಕೆಲಸವಷ್ಟೇ. ಮಗ ರೆಸಾರ್ಟಿನಲ್ಲಿ ದುಡಿದರೆ ಮನೆಗೆ ಬರುವುದು ತಿಂಗಳುಗಳಿಗೊಮ್ಮೆ.

ಇಷ್ಟಾದರೂ ದ್ವೀಪವೆಂಬ ಶಿಕ್ಷೆ ನಿಲ್ಲಲಿಲ್ಲ. ಎರಡೂ ಪಕ್ಕಪಕ್ಕದಲ್ಲೇ ನಡೆದವು. 1975ರಲ್ಲಿ ನಾಸಿರ್ ತಮ್ಮ ಪ್ರಧಾನಿ ಅಹ್ಮದ್ ಝಕಿ ಅವರನ್ನು ಕೆಳಗಿಳಿಸಿ ದೂರದ ದ್ವೀಪಕ್ಕೆ ಅಟ್ಟಿದರು. 1976ರಲ್ಲಿ ಗೆಳತಿಯನ್ನು ಕೊಂದ ಜರ್ಮನ್ ಪ್ರವಾಸಿಯೊಬ್ಬನಿಗೆ ನ್ಯಾಯಾಲಯ ಜೀವಾವಧಿ ಗಡೀಪಾರು ವಿಧಿಸಿತು. ಕಳಿಸಿದ್ದು ಎಲ್ಲಿಗೆ? ಪಿರಾರ್ ಹಸಿದು ಕುಳಿತಿದ್ದ ಅದೇ ಫುಲ್ಹಧೂವಿಗೆ. ಅವನು ಅಲ್ಲೇ ಇಸ್ಲಾಂ ಸ್ವೀಕರಿಸಿ, ಮದುವೆಯಾಗಿ, ಊರಿನವನಾದ. ರಜೆಗೆಂದು ಬಂದವನಿಗೆ ಸಿಕ್ಕ ಈ ಶಿಕ್ಷೆಯನ್ನು ಯುರೋಪಿನ ಪತ್ರಿಕೆಗಳು ಹೇಗೆ ಬಣ್ಣಿಸಬೇಕೆಂದು ತಿಳಿಯದೆ ಪೇಚಾಡಿದ್ದರೆ ಆಶ್ಚರ್ಯವಿಲ್ಲ.

ಗಯೂಮ್ ಅವರನ್ನು ಟೀಕಿಸಿ ಜೈಲು ಕಂಡ ಪತ್ರಕರ್ತ ಮಹಮ್ಮದ್ ನಶೀದ್ ಅವರನ್ನೂ 2001ರಲ್ಲಿ ಅಂಗೊಳ್ಹಿತೀಮು ಎಂಬ ಪುಟ್ಟ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಏಳು ವರ್ಷದಲ್ಲಿ ಅವರೇ ಚುನಾವಣೆ ಗೆದ್ದು ಅಧ್ಯಕ್ಷರಾದರು. ಕಾಲು ಶತಮಾನದ ನಿಯಮವನ್ನು ತೆಗೆದು, ಜನವಸತಿಯ ದ್ವೀಪಗಳಲ್ಲೂ ಗೆಸ್ಟ್ ಹೌಸ್ ತೆರೆಯಲು ಅನುಮತಿ ಕೊಟ್ಟದ್ದು ಅವರ ಸರ್ಕಾರ. ಮೊದಲು ಬೆಳೆದದ್ದು ಮಾಫುಶಿ. ಆ ದ್ವೀಪದ ಹೆಸರು ಅದುವರೆಗೆ ಕೇಳಿಬರುತ್ತಿದ್ದದ್ದು ಬೇರೆ ಕಾರಣಕ್ಕೆ: ದೇಶದ ದೊಡ್ಡ ಜೈಲು ಇರುವುದು ಅಲ್ಲೇ. 2003ರಲ್ಲಿ 19 ವರ್ಷದ ಕೈದಿಯೊಬ್ಬ ಅಲ್ಲಿ ಹೊಡೆತಕ್ಕೆ ಸತ್ತಾಗ ಮಾಲೆಯ ಬೀದಿಗಳಿಗೆ ಬೆಂಕಿ ಬಿದ್ದಿತ್ತು. ನಶೀದ್ ಗೆಲುವಿನ ಹಾದಿ ತೆರೆದದ್ದೂ ಆ ಸಿಟ್ಟಿನಿಂದಲೇ. ಈಗ ಮಾಫುಶಿಯ ಒಂದು ತುದಿಯಲ್ಲಿ ಜೈಲು, ಇನ್ನೊಂದು ತುದಿಯಲ್ಲಿ ಸಾಲು ಗೆಸ್ಟ್ ಹೌಸುಗಳು, ಪ್ರವಾಸಿಗರಿಗೆಂದೇ ಮರೆ ಕಟ್ಟಿದ ಕಡಲತಡಿ. ರೆಸಾರ್ಟಿನ ಬಾಡಿಗೆ ಕೊಡಲಾಗದ ಮಧ್ಯಮವರ್ಗದ ಭಾರತೀಯರು ಮಾಲ್ಡೀವ್ಸ್ ಕಂಡದ್ದು ಇಂಥ ದ್ವೀಪಗಳಿಂದಲೇ.

ಇದೇ ಹವಳದ ಸಾಲಿನ ಉತ್ತರದ ತುಂಡು ನಮ್ಮದೇ ಲಕ್ಷದ್ವೀಪ. ಅದರ ಮಿನಿಕಾಯ್ ದ್ವೀಪದವರು ಆಡುವುದು ದಿವೇಹಿಯನ್ನೇ, ಅಲ್ಲಿ ಮಹಲ್ ಎನ್ನುತ್ತಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಸೇರಿ, ಅವನ ಪತನದ ನಂತರ ದಕ್ಷಿಣ ಕನ್ನಡದ ಕಲೆಕ್ಟರರ ಕೈಗೆ ಬಂದವು. 1956ರವರೆಗೂ ಅವು ಮಂಗಳೂರಿನ ಆಡಳಿತದಲ್ಲೇ ಇದ್ದವು. ದ್ವೀಪದವರು ತಂದ ತೆಂಗಿನ ನಾರನ್ನು ಸರ್ಕಾರವೇ ಕೊಂಡು ಅಕ್ಕಿ ಕೊಡುತ್ತಿತ್ತು. ನಿರ್ಜನ ಬಂಗಾರಂ ದ್ವೀಪದಲ್ಲಿ 1980ರ ದಶಕದಲ್ಲಿ ಮಾಲ್ಡೀವ್ಸ್ ಮಾದರಿಯಲ್ಲೇ ರೆಸಾರ್ಟ್ ಮಾಡಿ ನೋಡಿದ್ದೂ ಉಂಟು. ಆದರೆ ಪ್ರವೇಶಕ್ಕೆ ಪರವಾನಗಿ ಬೇಕು, ಹಾಸಿಗೆಗಳು ಕಡಿಮೆ, ಇಡೀ ಲಕ್ಷದ್ವೀಪದ ನೆಲವೇ 32 ಚದರ ಕಿಲೋಮೀಟರ್. ಅಲ್ಲಿನ ಹೆಚ್ಚುಕಡಿಮೆ ಎಲ್ಲ ದೊಡ್ಡ ದ್ವೀಪದಲ್ಲೂ ಜನ ತುಂಬಿದ್ದಾರೆ. ಅತಿಥಿಗೆಂದು ಎತ್ತಿಡಲು ಮಾಲೆಗಿದ್ದ ಸಾವಿರ ಖಾಲಿ ದ್ವೀಪ ಲಕ್ಷದ್ವೀಪದ ರಾಜಧಾನಿ ಕವರತ್ತಿಗೆ ಇರಲಿಲ್ಲ. 2024ರ ಜನವರಿಯಲ್ಲಿ ಪ್ರಧಾನಿ ಮೋದಿ ಲಕ್ಷದ್ವೀಪಕ್ಕೆ ಹೋದ ಮೇಲೆ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಆಡಿದ ಹಗುರ ಮಾತಿಗೆ ಸಿಟ್ಟಾದವರು ‘ಬದಲಿಗೆ ಇಲ್ಲಿಗೇ ಹೋಗೋಣ’ ಎಂದದ್ದು ಸುಲಭ. ಹೋಗಿ ಮಲಗಲು ಕೋಣೆ ಎಲ್ಲಿ?

ಆ ಜಗಳದ ಪೆಟ್ಟು ಮಾಲೆಗೆ ತಾಗಿದ್ದು ನಿಜ. ಕೊರೊನಾ ಕಾಲದಲ್ಲಿ ‘ಒಂದು ದ್ವೀಪ, ಒಂದು ರೆಸಾರ್ಟ್’ ಎಂಬ ಹಳೆಯ ನಿಯಮ ತಾನಾಗಿಯೇ ಕ್ವಾರಂಟೈನ್ ಆಗಿ ಒದಗಿತ್ತು. 2020ರ ಜುಲೈಯಲ್ಲೇ ಗಡಿ ತೆರೆದ ದೇಶಕ್ಕೆ ಮುಂಬೈಯ ತಾರೆಯರೂ ಅವರ ಹಿಂದೆ ಉಳಿದವರೂ ಧಾವಿಸಿ, 2020ರಿಂದ 2023ರವರೆಗೆ ಸತತವಾಗಿ ಭಾರತೀಯರೇ ಮೊದಲ ಸ್ಥಾನದಲ್ಲಿದ್ದರು. 2023ರಲ್ಲಿ 2.09 ಲಕ್ಷ ಇದ್ದ ಸಂಖ್ಯೆ ಮರುವರ್ಷ ಸುಮಾರು 1.3 ಲಕ್ಷಕ್ಕೆ ಇಳಿಯಿತು. ಚೀನೀಯರು ಮುಂದೆ ಬಂದರು. ಒಟ್ಟು ಪ್ರವಾಸಿಗರು ಮಾತ್ರ ಮೊದಲ ಬಾರಿಗೆ 20 ಲಕ್ಷ ದಾಟಿದರು.

ನಮ್ಮವರ ಬೇಸಿಗೆ ರಜೆಗೂ ಆ ಕಡಲಿಗೂ ಇನ್ನೊಂದು ಹೊಂದಾಣಿಕೆ ಬಾಕಿಯಿದೆ. ಕಾರ್ಬಿನ್ ತಂಡ ಫೆಬ್ರುವರಿಯಲ್ಲಿ ಬಂದಂದಿನಿಂದಲೂ ಈ ಉದ್ಯಮದ ಪಂಚಾಂಗವೇ ಯುರೋಪಿನ ಚಳಿಗಾಲಕ್ಕೆ ತಕ್ಕಂತೆ ಕಟ್ಟಿದ್ದು. ದ್ವೀಪದವರು ‘ಇರುವಾಯ್’ ಎನ್ನುವ ಒಣಗಾಳಿಯ ತಿಂಗಳುಗಳು ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಬಾಡಿಗೆ ಏರುವುದೂ ಆಗಲೇ. ಮೇ ತಿಂಗಳಲ್ಲಿ ‘ಹುಲ್ಹಂಗು’, ನಮ್ಮ ನೈಋತ್ಯ ಮುಂಗಾರು, ಬಂದೊಡನೆ ದರ ಇಳಿಯುತ್ತದೆ. ಶಾಲೆಗೆ ರಜೆ ಬಿಟ್ಟ ಕೂಡಲೇ ಏಪ್ರಿಲಿನಲ್ಲಿ ಹೊರಟ ಬೆಂಗಳೂರಿನ ಸಂಸಾರಕ್ಕೆ ಎರಡು ಗಂಟೆಯ ಹಾರಾಟದಲ್ಲಿ ತಿಳಿನೀರು ಸಿಗುತ್ತದೆ, ದರ ದುಬಾರಿ. ಮೇ ಕೊನೆಯ ವಾರದ ರಿಯಾಯಿತಿಗೆ ಕಾದವರಿಗೆ ಅದೇ ಕೋಣೆ ಅಗ್ಗದಲ್ಲಿ ಸಿಗುತ್ತದೆ, ಮಳೆಯ ಸಮೇತ.