ಸೃಷ್ಟಿಕರ್ತೃ ವಿಚಾರವೂ ಹಾಸನ ಸೀಮೆಯೂ

ಈ ಜಗತ್ತಿಗೆ ಕರ್ತನೊಬ್ಬನುಂಟೋ, ಅಥವಾ ಇದು ಅನಾದಿಯಾಗಿ ತಾನೇ ತಾನಾಗಿರುವುದೋ ಎಂಬ ಪ್ರಶ್ನೆಯನ್ನು ಈಚಿನ ವಿದ್ಯಾರ್ಥಿಗಳು ಪಾಶ್ಚಾತ್ಯ ಗ್ರಂಥಗಳಿಂದ ತಂದರೆಂದು ಭಕ್ತಮಹಾಶಯರಲ್ಲಿ ಕೆಲವರು ಭಾವಿಸಿರುತ್ತಾರೆ. ಅದು ಸರಿಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಈ ಸೀಮೆಗೆ ಆ ಪ್ರಶ್ನೆಯು ಸಾವಿರ ವರ್ಷಗಳಿಂದಲೂ ಪರಿಚಿತವಾದುದು. ಹಳೇಕೋಟೆಯ ಶಿವಭಕ್ತನು ಲಿಂಗವನ್ನು ಕರಸ್ಥಲದಲ್ಲಿಟ್ಟು, ಸಕಲ ಜಗತ್ತೂ ಇದರಿಂದಲೇ ಹುಟ್ಟಿತೆಂದು ಧ್ಯಾನಿಸುತ್ತಿರುವಾಗ, ಅದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಜಗತ್ತಿಗೆ ಕರ್ತನೇ ಇಲ್ಲವೆಂಬ ಮತದವರು ಅಷ್ಟೇ ನಿಷ್ಠೆಯಿಂದ ತಮ್ಮ ಪೂಜೆಯನ್ನು ನಡೆಯಿಸುತ್ತಿರುವರು. ಕ್ರಿ. ಶ. 981ರ ಸುಮಾರಿನಲ್ಲಿ ಚಾವುಂಡರಾಯನು ಅಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟನು ಸೃಷ್ಟಿಕರ್ತನಲ್ಲ. ಕರ್ಮವನ್ನು ಗೆದ್ದ ಜೀವನು. ಈ ಭೇದವನ್ನು ತಿಳಿಯದೆ ಆ ಮೂರ್ತಿಗೆ ಕೈಮುಗಿದು ಬರುವವರೇ ಹೆಚ್ಚು.

ಜೈನಾಚಾರ್ಯರ ಆಕ್ಷೇಪಗಳು ಹಗುರವಾದುವಲ್ಲ. 9ನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಕರ್ತೃವಾದವನ್ನು ವಿಸ್ತಾರವಾಗಿ ಖಂಡಿಸಿರುವರು. ಸೃಷ್ಟಿಗೆ ಮೊದಲು ಕರ್ತನು ಎಲ್ಲಿ ನಿಂತಿದ್ದನು? ಯಾವ ದ್ರವ್ಯದಿಂದ ಮಾಡಿದನು? ಆ ದ್ರವ್ಯವು ಮೊದಲೇ ಇದ್ದಿತಾದರೆ, ಅವನಂತೆಯೇ ಅದೂ ಅನಾದಿಯಾಗಲಿಲ್ಲವೆ? ಕರುಣೆಯಿಂದ ಮಾಡಿದನೆಂದರೆ ದುಃಖವೇಕೆ? ಲೀಲೆಗಾಗಿ ಎಂದರೆ ಬಾಲಕರ ಆಟಕ್ಕೂ ಇದಕ್ಕೂ ಭೇದವೇನು? ಇವೇ ಆ ಆಕ್ಷೇಪಗಳ ಸಾರವು. ಪಂಪನು 941ರಲ್ಲಿ ಆದಿಪುರಾಣವನ್ನು ಕನ್ನಡಿಸಿದಾಗ ಆಶ್ರಯಿಸಿದುದು ಈ ಆಚಾರ್ಯರ ಗ್ರಂಥವನ್ನೇ.

ಇದಕ್ಕೆ ಎದುರಾಗಿ ನೈಯಾಯಿಕರು ಕುಂಬಾರನ ದೃಷ್ಟಾಂತವನ್ನು ಹೇಳುವರು. ಮಡಕೆಯಿರುವಲ್ಲಿ ಕುಂಬಾರನಿರಬೇಕು; ಜಗತ್ತೂ ಕಾರ್ಯವಾದುದರಿಂದ ಅದಕ್ಕೊಬ್ಬ ಕರ್ತನು ಬೇಕು. ಬೇಲೂರಿನ ಶಾಸನವೊಂದು ಈ ಮತಗಳನ್ನೆಲ್ಲ ಒಂದೇ ಶ್ಲೋಕದಲ್ಲಿ ಸಾಲಾಗಿ ನಿಲ್ಲಿಸಿರುವುದು. ಶೈವರು ಶಿವನೆಂದೂ, ವೇದಾಂತಿಗಳು ಬ್ರಹ್ಮವೆಂದೂ, ಬೌದ್ಧರು ಬುದ್ಧನೆಂದೂ, ನೈಯಾಯಿಕರು ಕರ್ತನೆಂದೂ, ಜೈನರು ಅರ್ಹಂತನೆಂದೂ, ಮೀಮಾಂಸಕರು ಕರ್ಮವೆಂದೂ ಉಪಾಸಿಸುವವನು ಕೇಶವನೊಬ್ಬನೇ ಎಂಬುದು ಅದರ ತಾತ್ಪರ್ಯ. ಔದಾರ್ಯವು ದೊಡ್ಡದೇ ಸರಿ. ಆದರೆ ಕರ್ತನೆಂಬವನೂ ಕರ್ತನಿಲ್ಲವೆಂಬವನೂ ಒಂದನ್ನೇ ಹೇಳಿದರೆಂದರೆ ಇಬ್ಬರೂ ಒಪ್ಪಲಾರರು!

ನಮ್ಮ ಪೂರ್ವಾಚಾರ್ಯರು ಕುಂಬಾರನ ದೃಷ್ಟಾಂತವನ್ನು ಹೆಚ್ಚಾಗಿ ಆಶ್ರಯಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕುಂಬಾರನಿಗೆ ಮಣ್ಣು ಹೊರಗಿನದು. ಶಿವನಿಗೆ ಹೊರಗೆಂಬುದೇ ಇಲ್ಲ. ಮರವೇ ಎಲೆಯಾಗಿ ಕೊಂಬೆಯಾಗಿ ನಿಲ್ಲುವಂತೆ ಶಿವನೇ ಭೂಮಿ ಮೊದಲಾದ ರೂಪದಿಂದ ಬೆಳಗುವನೆಂದು ಸಿದ್ಧಾಂತಶಿಖಾಮಣಿಯು ತಿಳಿಸುವುದು. ಶಕ್ತಿವಿಶಿಷ್ಟನಾದ ಶಿವನೇ ನಿಮಿತ್ತಕಾರಣವೂ ಉಪಾದಾನಕಾರಣವೂ ಆಗಿರುವುದರಿಂದ, ಯಾವ ದ್ರವ್ಯದಿಂದ ಮಾಡಿದನೆಂಬ ಜಿನಸೇನರ ಪ್ರಶ್ನೆಯು ನೈಯಾಯಿಕನನ್ನು ಬಾಧಿಸುವಷ್ಟು ನಮ್ಮನ್ನು ಬಾಧಿಸುವುದಿಲ್ಲ. ದುಃಖವೇಕೆಂಬ ಪ್ರಶ್ನೆಯಾದರೋ ಬಾಧಿಸಿಯೇ ಬಾಧಿಸುವುದು. ಮಲತ್ರಯದಿಂದ ಜೀವನಿಗೆ ದುಃಖವೆಂದು ನಾವು ಉತ್ತರಿಸುವೆವು. ಕರ್ಮದಿಂದ ದುಃಖವೆಂದು ಜೈನರೂ ಉತ್ತರಿಸುವರು. ಅಲ್ಲಿಗೆ ನೆರೆಹೊರೆಯವರು ಬಹಳ ದೂರದಲ್ಲಿಲ್ಲ.

ಮಗ್ಗೆಯ ಮಾಯಿದೇವರು ಅನುಭವಸೂತ್ರದಲ್ಲಿ ‘ಸ್ಥಲ’ ಶಬ್ದವನ್ನು ಬಿಡಿಸಿ, ಜಗತ್ತು ಯಾವುದರಲ್ಲಿ ನಿಂತಿರುವುದೋ, ಯಾವುದರಲ್ಲಿ ಲಯವಾಗುವುದೋ ಅದೇ ಸ್ಥಲವೆಂದು ವಿವರಿಸಿರುತ್ತಾರೆ. ಆ ಸ್ಥಲವೇ ಸ್ವಶಕ್ತಿಯ ಚಲನೆಯಿಂದ ಲಿಂಗವೆಂದೂ ಅಂಗವೆಂದೂ ಎರಡಾಯಿತು. ಶಕ್ತಿಯು ಲಿಂಗದಲ್ಲಿ ಕಲೆಯಾಗಿ, ಅಂಗದಲ್ಲಿ ಭಕ್ತಿಯಾಗಿ ನಿಂತಿತು. ಇಲ್ಲಿ ಸೃಷ್ಟಿಯನ್ನು ಹೇಳಿರುವುದು ಲೋಕದ ಹುಟ್ಟನ್ನು ಲೆಕ್ಕ ಹಾಕುವುದಕ್ಕಾಗಿ ಅಲ್ಲ; ಬಂದ ದಾರಿಯನ್ನು ತಿಳಿದರೆ ಐಕ್ಯಕ್ಕೆ ಹಿಂದಿರುಗುವ ದಾರಿಯು ತಿಳಿಯುವುದೆಂಬುದಕ್ಕಾಗಿ.

ಈ ವಿವೇಕವನ್ನು ಮರೆತು, ಅಲ್ಲಮಪ್ರಭುಗಳ ಶೂನ್ಯವನ್ನೇ ಈಗ ವಿಜ್ಞಾನಿಗಳು ಕಂಡುಹಿಡಿದರೆಂದು ವೇದಿಕೆಗಳಲ್ಲಿ ಹೇಳುವವರು ಹೆಚ್ಚಿರುವರು. ನಕ್ಷತ್ರಮಂಡಲಗಳು ಪರಸ್ಪರ ದೂರ ಸರಿಯುತ್ತಿರುವುದನ್ನು 1929ರಲ್ಲಿ ಹಬ್ಬಲ್ ಎಂಬ ಖಗೋಳಜ್ಞನು ತೋರಿಸಿದನು. ಆದಿಯ ಉಷ್ಣದ ಶೇಷಕಿರಣಗಳು 1965ರಲ್ಲಿ ಗೋಚರವಾದುವು. ವಿಶ್ವದ ವಿಸ್ತಾರವು ಮೊದಲಾಗಿ ಸುಮಾರು 1380 ಕೋಟಿ ವರ್ಷಗಳಾದುವೆಂದು ಇಂದಿನ ಗಣನೆ. ನಮ್ಮ ಗೊರೂರು–ಹಾಸನ ಪ್ರದೇಶದ ಬಂಡೆಗಳಿಗೇ ಸುಮಾರು 330 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಅಳೆದಿರುವರು. ಹೇಮಾವತಿಯ ದಡದಲ್ಲಿ ಬಟ್ಟೆ ಒಗೆಯುವ ಕಲ್ಲು ಪುರಾಣಗಳ ಎಷ್ಟೋ ಯುಗಗಳನ್ನು ಕಂಡದ್ದು. ಇವೆಲ್ಲವನ್ನೂ ಸಂತೋಷದಿಂದ ಒಪ್ಪತಕ್ಕದ್ದು. ಆದರೆ ಪ್ರಭುಗಳ ಶೂನ್ಯವು ಅನುಭಾವದಿಂದ ಅರಿಯತಕ್ಕ ಸ್ಥಿತಿ. ದೂರದರ್ಶಕಕ್ಕೆ ಸಿಕ್ಕತಕ್ಕ ಪದಾರ್ಥವಲ್ಲ. ವಿಶ್ವವಿಸ್ತಾರವನ್ನು ಗಣಿತದಿಂದ 1927ರಲ್ಲಿಯೇ ಪ್ರತಿಪಾದಿಸಿದ ಬೆಲ್ಜಿಯಂ ದೇಶದ ಲೆಮೈತ್ರನು ಸ್ವತಃ ಕ್ರೈಸ್ತ ಪಾದ್ರಿ. 1951ರಲ್ಲಿ ರೋಮಿನ ಪೋಪರು ಆ ಸಿದ್ಧಾಂತವನ್ನು ದೇವರ ಸೃಷ್ಟಿಕಾರ್ಯಕ್ಕೆ ಬೆಂಬಲವಾಗಿ ಎತ್ತಿ ಹೇಳಿದಾಗ, ಅದು ಆತನಿಗೆ ಹಿತವಾಗಲಿಲ್ಲ. ಇಂದಿನ ಗಣಿತವು ನಾಳೆ ಬದಲಾದರೆ, ಅದಕ್ಕೆ ಕಟ್ಟಿದ ಭಕ್ತಿಯ ಗತಿಯೇನು?

ಇನ್ನು, ಕರ್ತನಿಲ್ಲವೆಂಬವರೊಡನೆ ನಮ್ಮ ಹಿರಿಯರು ಹೇಗೆ ನಡೆದುಕೊಂಡರೆಂಬುದನ್ನು ಹೇಳಬೇಕು. ಏಕಾಂತದ ರಾಮಯ್ಯನ ಅಬ್ಬಲೂರಿನ ಪ್ರಸಂಗವನ್ನು ಎಲ್ಲರೂ ಬಲ್ಲರು. ಅದು ಕಲಹದ ಕಥೆ. ನಮ್ಮ ಜಿಲ್ಲೆಯ ಹಳೇಬೀಡಿನಲ್ಲಿ 1638ರಲ್ಲಿ ಬರೆಯಿಸಿದ ಶಾಸನವನ್ನು ಬಲ್ಲವರು ಕಡಿಮೆ. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬ ವೀರಶೈವರು ಲಿಂಗಮುದ್ರೆಯನ್ನು ಹಾಕಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಕೈಕೈ ಮಿಲಾಯಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣವು ಬೇಕಿರಲಿಲ್ಲ. ಹಾಸನದ ಪದ್ಮಣ್ಣಸೆಟ್ಟಿ ಮೊದಲಾದ ಜೈನರು ಬಿನ್ನಹ ಮಾಡಿಕೊಳ್ಳಲು, ವೀರಶೈವ ಮಹಾಮಹತ್ತಿನವರು ಸೇರಿ, ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ತಮ್ಮ ಪೂಜೆ ಉತ್ಸವಗಳನ್ನು ಪೂರ್ವಮರ್ಯಾದೆಯಂತೆ ಚಂದ್ರಸೂರ್ಯರಿರುವವರೆಗೆ ನಡೆಯಿಸಬಹುದೆಂದು ತೀರ್ಪಿತ್ತರು. ವಿಭೂತಿ ವೀಳ್ಯದ ನಿಬಂಧನೆಯು ಆ ಕಾಲದಲ್ಲಿ ಯಾರ ಕೈ ಮೇಲಾಗಿದ್ದಿತೆಂಬುದನ್ನು ತೋರಿಸುವುದು; ಅದನ್ನು ಮರೆಮಾಚಿ ಹೊಗಳಬೇಕಾದುದಿಲ್ಲ. ಆದರೆ ಶಾಪವಾಕ್ಯವನ್ನು ಅವರು ತಮ್ಮವರ ಮೇಲೆಯೇ ಇಟ್ಟುಕೊಂಡರೆಂಬುದು ವಿಶೇಷವು. ಈ ಜಿನಧರ್ಮಕ್ಕೆ ಅಡ್ಡಬಂದವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೂ ಕಾಶಿ ರಾಮೇಶ್ವರಗಳ ಲಿಂಗಗಳಿಗೂ ತಪ್ಪಿದವನೆಂದು ಆ ಕಲ್ಲಿನಲ್ಲಿ ಬರೆಯಿಸಿರುವರು.