ಬಸವಾಪಟ್ಟಣದ ಪರಗಣೆ

ರೋಮಿನವರು ಬ್ರಿಟನ್ ದ್ವೀಪವನ್ನು ಗೆದ್ದ ವೃತ್ತಾಂತವನ್ನು ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಕ್ರಿ. ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ದಂಡು ಅಲ್ಲಿ ಇಳಿದದ್ದೂ, 122ರಲ್ಲಿ ಹೇಡ್ರಿಯನ್ ಚಕ್ರವರ್ತಿಯು ಉತ್ತರದ ಗಡಿಗೆ ಗೋಡೆ ಹಾಕಿಸತೊಡಗಿದ್ದೂ, ಐದನೆಯ ಶತಮಾನದ ಮೊದಲಲ್ಲಿ ರೋಮಿನ ಆಳ್ವಿಕೆ ಅಲ್ಲಿ ಮುಗಿದುಹೋದದ್ದೂ ಪರೀಕ್ಷೆಗೆ ಕೂತವರಿಗೆಲ್ಲ ಬಾಯಿಪಾಠ. ಆದರೆ ದೂರದ ರಾಜಧಾನಿಯೊಂದು ಗಡಿಸೀಮೆಯೊಂದನ್ನು ಗೆದ್ದು, ಅದನ್ನು ಪ್ರಾಂತವಾಗಿ ಏರ್ಪಡಿಸಿ, ತನ್ನ ಅಧಿಕಾರಿಗಳಿಂದ ಆಳಿಸಿದ ಸಂಗತಿಯು ನಮ್ಮ ಮನೆಯ ಬಾಗಿಲಲ್ಲಿಯೇ ನಡೆದಿರುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವು ಅಂಥದೊಂದು ಪ್ರಾಂತದ ಪರಗಣೆಯ ಮುಖ್ಯಸ್ಥಳವಾಗಿತ್ತು. ಈಗ ಊರನ್ನು ಹಾದುಹೋಗುವವರಿಗೆ ಗುಡ್ಡದ ಮೇಲಿನ ಕೋಟೆಯ ಅವಶೇಷವು ಕಂಡರೆ ಕಂಡೀತು, ಇಲ್ಲವಾದರೆ ಇಲ್ಲ.

ವಿಜಯನಗರದ ಬಲ ಕುಗ್ಗಿದ ಮೇಲೆ ಈ ಸೀಮೆಯನ್ನು ಆಳಿದವರು ಬಸವಾಪಟ್ಟಣದ ನಾಯಕರು. ಸಂತೇಬೆನ್ನೂರಿನ ಸೊಗಸಾದ ಪುಷ್ಕರಿಣಿಯು ಈ ಮನೆತನದ ಹನುಮಪ್ಪ ನಾಯಕನ ಹೆಸರಿನೊಡನೆ ಸೇರಿಕೊಂಡಿದೆ. ನಡುನೀರಿನಲ್ಲಿ ನಿಂತಿರುವ ಆ ಮಂಟಪವನ್ನು ಕಂಡವರು, ಪಾಳೆಯಗಾರರೆಂದರೆ ಬರಿಯ ಲೂಟಿಗಾರರೆಂದು ಹೇಳುವ ಮೊದಲು ಒಂದು ಕ್ಷಣ ತಡೆಯುತ್ತಾರೆ. ಇವರ ಪಶ್ಚಿಮಕ್ಕೆ ಇಕ್ಕೇರಿಯ ನಾಯಕರಿದ್ದರು. ನೆರೆಹೊರೆಯ ಈ ಎರಡು ಮನೆತನಗಳಿಗೆ ಸೇರುತ್ತಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲವೆಂದರೆ ತಪ್ಪಾಗಲಾರದು.

1637ರಲ್ಲಿ ಬಿಜಾಪುರದ ಮಹಮ್ಮದ್ ಆದಿಲ್ ಷಹನು ರಣದುಲ್ಲಾ ಖಾನನೆಂಬ ಸೇನಾಪತಿಯನ್ನು ದಕ್ಷಿಣಕ್ಕೆ ಕಳುಹಿಸಿದನು. ಆ ದಂಡಿಗೆ ಇಕ್ಕೇರಿಯ ದಾರಿ ತೋರಿಸಿದವನು ಬೇರೆ ಯಾರೂ ಅಲ್ಲ, ಬಸವಾಪಟ್ಟಣದ ಕೆಂಗೆ ನಾಯಕ. ಇಕ್ಕೇರಿಯು ಬಿತ್ತು, ವೀರಭದ್ರ ನಾಯಕನು ಹಣ ತೆತ್ತು ಸಂಧಿ ಮಾಡಿಕೊಳ್ಳಬೇಕಾಯಿತು. ಮರುವರ್ಷ ಬೆಂಗಳೂರು ಕೆಂಪೇಗೌಡರ ಕೈತಪ್ಪಿತು. ಶ್ರೀರಂಗಪಟ್ಟಣದಲ್ಲಿ ಮಾತ್ರ ಕಂಠೀರವ ನರಸರಾಜ ಒಡೆಯರು ಮುತ್ತಿಗೆಯನ್ನು ಹಿಮ್ಮೆಟ್ಟಿಸಿದರು. ಇಷ್ಟೆಲ್ಲ ಆಗುವ ಹೊತ್ತಿಗೆ ಕೆಂಗೆ ನಾಯಕನಿಗೆ ತಾನು ಕರೆತಂದ ಅತಿಥಿಯು ತನ್ನ ಜಗುಲಿಯನ್ನೂ ಬಿಡತಕ್ಕವನಲ್ಲವೆಂಬುದು ತಿಳಿದಿರಬೇಕು. ಆತನು ತಿರುಗಿಬಿದ್ದನು. ಒಂದೆರಡು ವರ್ಷಗಳಲ್ಲಿಯೇ ಬಿಜಾಪುರದ ಸೇನೆ ಬಸವಾಪಟ್ಟಣದ ಮೇಲೆ ಬಂದು ಕೋಟೆಯನ್ನು ಹಿಡಿಯಿತು. ಈ ಕಾಳಗದಲ್ಲಿ ಮುಂದಾಳಾಗಿ ಕಾದಿದವನು, ಮುಂದೆ 1659ರಲ್ಲಿ ಪ್ರತಾಪಗಡದ ಬಳಿ ಶಿವಾಜಿಯ ಕೈಯಲ್ಲಿ ಸತ್ತ ಅಫ್ಜಲ್ ಖಾನನೇ.

ಬ್ರಿಟನ್ನಿನಲ್ಲಿಯೂ ಹೀಗೆಯೇ ಆಯಿತು. ಐಸಿನಿ ಜನರ ಅರಸನಾದ ಪ್ರಾಸುಟೇಗಸನು ರೋಮಿನ ಮಿತ್ರನಾಗಿದ್ದವನು. ಮನೆತನ ಉಳಿದೀತೆಂಬ ಆಸೆಯಿಂದ ತನ್ನ ಆಸ್ತಿಗೆ ನೀರೋ ಚಕ್ರವರ್ತಿಯನ್ನೂ ಹೆಣ್ಣುಮಕ್ಕಳೊಡನೆ ಪಾಲುಗಾರನನ್ನಾಗಿ ಮಾಡಿ ಸತ್ತನು. ಅಧಿಕಾರಿಗಳು ಎಲ್ಲವನ್ನೂ ಕಿತ್ತುಕೊಂಡರು. ಅವನ ರಾಣಿ ಬೌಡಿಕಳನ್ನು ಛಡಿಯಿಂದ ಹೊಡೆಸಿದರು. 60–61ರ ಸುಮಾರಿನಲ್ಲಿ ಅವಳು ಎಬ್ಬಿಸಿದ ದಂಗೆಯಲ್ಲಿ ಲಂಡನ್ನೂ ಸೇರಿ ಮೂರು ಪಟ್ಟಣಗಳು ಸುಟ್ಟುಹೋದುವು. ಮಿತ್ರನಾದ ಸಣ್ಣ ಅರಸನಿಗೆ ದೊಡ್ಡ ರಾಜ್ಯವು ಕೊಡುವ ಮಾತಿನ ಬೆಲೆ ಎಷ್ಟೆಂಬುದು ಈ ಎರಡು ಕಡೆಯೂ ಒಂದೇ ತೂಕಕ್ಕೆ ಬರುತ್ತದೆ.

ಆದರೆ ಗೆದ್ದ ಮೇಲಣ ಏರ್ಪಾಡಿನಲ್ಲಿ ಎರಡಕ್ಕೂ ಬಹಳ ಭೇದವುಂಟು. ರೋಮಿನವರು ಸೇವೆ ಮುಗಿಸಿದ ತಮ್ಮ ಸಿಪಾಯಿಗಳಿಗೆ ಭೂಮಿ ಹಂಚಿ, ಕೋಲ್ಚೆಸ್ಟರ್, ಲಿಂಕನ್, ಗ್ಲಾಸ್ಟರ್ ಮೊದಲಾದ ಕಡೆ ಒಕ್ಕಲುಪಟ್ಟಣಗಳನ್ನೇ ಕಟ್ಟಿದರು. ಬಿಜಾಪುರದವರು ಹೀಗೆ ಮಾಡಲಿಲ್ಲ. ಫಲವತ್ತಾದ ಸೀಮೆಯನ್ನೂ ಮುಖ್ಯವಾದ ಕೋಟೆಯನ್ನೂ ತಾವು ಇಟ್ಟುಕೊಂಡು, ಹಳೆಯ ನಾಯಕನನ್ನು ಬೇರೊಂದು ಮೂಲೆಗೆ ಸಾಗಹಾಕಿ, ಕಪ್ಪ ಕೊಡುವ ಷರತ್ತಿನ ಮೇಲೆ ಅಲ್ಲಿ ಬಾಳಗೊಟ್ಟರು. ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡರಿಗೆ ಮಾಗಡಿ ಉಳಿಯಿತು, ಸೀರೆಯ ನಾಯಕನಿಗೆ ರತ್ನಗಿರಿ ದೊರೆಯಿತು, ಹೊಸಕೋಟೆಯವರಿಗೆ ಆನೇಕಲ್ಲು. ಬಸವಾಪಟ್ಟಣದ ಮನೆತನವು ಕಾಡುಮಲೆಗಳ ಸೆರಗಿನ ತರೀಕೆರೆಗೆ ಹೋಯಿತು. ಪೂರ್ಣವಾಗಿ ಕೊಂದರೆ ಊರೂರು ಎದ್ದೀತು. ಪೂರ್ಣವಾಗಿ ಬಿಟ್ಟರೆ ಕಪ್ಪ ನಿಂತೀತು. ಇದು ಜಾಣತನದ ನೀತಿಯೇ ಸರಿ; ಆದರೆ ಕಪ್ಪದ ಹಣವನ್ನು ಕೊನೆಗೆ ತೆತ್ತವನು ರೈತನೆಂಬುದನ್ನು ನಾವು ಮರೆಯಬಾರದು. ಅವನಿಗೆ ಹಳೆಯ ದೊರೆಯೂ ತಪ್ಪಲಿಲ್ಲ, ಹೊಸ ದೊರೆಯೂ ತಪ್ಪಲಿಲ್ಲ.

ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಸೀರೆ ಇವೆಲ್ಲ ಶಿವಾಜಿಯ ತಂದೆಯಾದ ಷಹಾಜಿಯ ಜಾಗೀರಿಗೆ ಬಂದುವು. ಆತನೊಡನೆ ಕುದುರೆ ಸವಾರರಂತೆಯೇ ಲೆಕ್ಕ ಬರೆಯುವವರೂ ಬಂದರು. ಪರಗಣೆಯನ್ನು ಸಮತು, ತರಫು, ಮೌಜೆ, ಮಜರೆ ಎಂದು ವಿಂಗಡಿಸಿದ ಕಾಲವಿದು. ಪಟೇಲರೊಡನೆ ಲೆಕ್ಕ ತೀರಿಸುವುದಕ್ಕೆ ದೇಶಮುಖ, ಶಾನುಭೋಗರ ಕಡತಗಳನ್ನು ಕ್ರೋಡೀಕರಿಸುವುದಕ್ಕೆ ದೇಶಕುಲಕರ್ಣಿ, ಹಳೆಯ ಕಟ್ಟಳೆಗಳನ್ನು ಅಧಿಕಾರಿಗಳಿಗೆ ತಿಳಿಸುವುದಕ್ಕೆ ಕಾನುಗೋ, ಇವೆಲ್ಲವನ್ನೂ ತನಿಖೆ ಮಾಡುವುದಕ್ಕೆ ಮಜುಮದಾರ. ಹಳ್ಳಿಯ ಪಟೇಲನೂ ಶಾನುಭೋಗನೂ ಇದ್ದಲ್ಲಿಯೇ ಇದ್ದರು. ಅವರ ಮೇಲೆ ಹೊಸ ಮಾಳಿಗೆಯೊಂದು ಏರಿತು, ಅಷ್ಟೆ. ಮಜರೆ, ಕಸಬೆ, ಜಮಾಬಂದಿ ಎಂಬ ಮಾತುಗಳನ್ನು ನಾವು ಇಂದಿಗೂ ಆಡುತ್ತಿದ್ದೇವೆ. ಷಹಾಜಿಯಾದರೋ 1664ರ ಜನವರಿಯಲ್ಲಿ ಬೇಟೆಯಾಡುತ್ತಿರುವಾಗ ಕುದುರೆಯಿಂದ ಬಿದ್ದು ಸತ್ತನು. ಆತನ ಸಮಾಧಿಯು ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಕೊನೆಗಾಣಿಸಿದನು. ಮರುವರ್ಷ ಖಾಸಿಂ ಖಾನನು ಸೀರೆಯನ್ನು ರಾಜಧಾನಿಯಾಗಿ ಮಾಡಿಕೊಂಡು ಮೊಗಲರ ಹೊಸ ಸುಭಾವನ್ನು ಸ್ಥಾಪಿಸಿದನು. ಬಸವಾಪಟ್ಟಣ, ಬೂದಿಹಾಳು, ಸೀರೆ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಇದರ ಸ್ವಂತ ಸೀಮೆ. ಹರಪನಹಳ್ಳಿ, ಚಿತ್ರದುರ್ಗ, ಬಿದನೂರು, ಮೈಸೂರು ಮುಂತಾದುವು ಕಪ್ಪ ಕೊಡತಕ್ಕ ಸಂಸ್ಥಾನಗಳು. ಬೆಂಗಳೂರನ್ನು ಇಟ್ಟುಕೊಳ್ಳುವುದು ದುಬಾರಿಯೆಂದು ತೋರಿತೋ ಏನೋ, ಅದನ್ನು ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿದರು. ನಮ್ಮ ಇತಿಹಾಸದಲ್ಲಿ ಇಷ್ಟು ಅಗ್ಗದ ವ್ಯಾಪಾರ ಮತ್ತೊಂದಿಲ್ಲ.

ಆದರೆ ಕಾಗದದ ಮೇಲಿನ ಸುಭಾವು ನೆಲದ ಮೇಲೆ ಎಷ್ಟು ತೆಳುವಾಗಿತ್ತೆಂಬುದು ಒಂಬತ್ತು ವರ್ಷಗಳೊಳಗೆ ಬಯಲಾಯಿತು. 1695ರ ಕೊನೆಯಲ್ಲಿ ಮರಾಠರ ಸಂತಾಜಿ ಘೋರ್ಪಡೆಯು ಚಳ್ಳಕೆರೆಯ ಬಳಿಯ ದೊಡ್ಡೇರಿಯಲ್ಲಿ ಖಾಸಿಂ ಖಾನನನ್ನು ಸುತ್ತುಗಟ್ಟಿದನು. ಕೋಟೆಯೊಳಗೆ ಅನ್ನವಿಲ್ಲ, ಕುದುರೆಗಳಿಗೆ ಮೇವಿಲ್ಲ. ಸುಭೇದಾರನು ಅಲ್ಲಿಯೇ ಸತ್ತನು: ವಿಷ ಕುಡಿದನೆಂದು ಕೆಲವರು, ಅಫೀಮು ಸಿಗದೆ ಸತ್ತನೆಂದು ಮತ್ತೆ ಕೆಲವರು. ಉಳಿದ ಸರದಾರರು ಬಿಡುಗಡೆಯ ಹಣ ಕೊಟ್ಟು ಬದುಕಿಕೊಂಡರು. ಅವನ ನೆರವಿಗೆಂದು ಹೊರಟಿದ್ದ ಹಿಮ್ಮತ್ ಖಾನನು ದಂಡು ಸಾಲದೆ ಬಸವಾಪಟ್ಟಣದ ಕೋಟೆಯನ್ನು ಹೊಕ್ಕು ಕುಳಿತಿದ್ದನು. 1696ರ ಜನವರಿಯಲ್ಲಿ ಸಂತಾಜಿಯು ಅಲ್ಲಿಗೂ ಬಂದನು. ಕಾಳಗದಲ್ಲಿ ಗುಂಡು ತಗುಲಿ ಹಿಮ್ಮತ್ ಖಾನನು ಮಡಿದನು. ದೆಹಲಿಯ ಚಕ್ರಾಧಿಪತ್ಯದ ಹೆಸರಾಂತ ಇಬ್ಬರು ಸರದಾರರು ಕೆಲವೇ ವಾರಗಳಲ್ಲಿ ನಮ್ಮ ಎರಡು ಹಳ್ಳಿಗಳ ಮಗ್ಗುಲಲ್ಲಿ ಅಳಿದರು.

ಇಷ್ಟಾದರೂ ಸೀರೆಯು ಬಾಳಿತು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದುವೆಂಬ ಪ್ರತೀತಿಯುಂಟು. ಪ್ರತೀತಿಗೆ ಸ್ವಲ್ಪ ಸೋಡಿ ಬಿಟ್ಟರೂ ಊರು ದೊಡ್ಡದೇ. 1757ರಲ್ಲಿ ಮರಾಠರು ಅದನ್ನು ಹಿಡಿದರು. 1761ರಲ್ಲಿ ಬಸಾಲತ್ ಜಂಗನ ಸಹಾಯದಿಂದ ಅದನ್ನು ಪಡೆದ ಹೈದರಾಲಿಯು ಸೀರೆಯ ನವಾಬನೆನಿಸಿಕೊಂಡನು. ಪ್ರಾಂತವು ಹೋಯಿತು, ಬಿರುದು ಉಳಿಯಿತು.

ತರೀಕೆರೆಗೆ ಹೋದ ಬಸವಾಪಟ್ಟಣದವರ ವಂಶವು ಬಿಜಾಪುರ, ಮೊಗಲ, ಹೈದರಾಲಿ, ಟಿಪ್ಪು ಇವರೆಲ್ಲರನ್ನೂ ಕಂಡು ಉಳಿದಿತ್ತು. 1830ರ ನಗರದ ದಂಗೆಯಲ್ಲಿ ಅವರೂ ಸೇರಿದರು. ಅದಕ್ಕಾಗಿ ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಗಲ್ಲಿಗೇರಿಸಿದರು.